ಪೆಟ್ಟಿಗೆ ನೋಡಿದವನ ಬಾಯಿ

ಓಂಕಾರಮೂರ್ತಿ ಪ್ರವಚನಕ್ಕೆ ಕೂತರೆ ಚಳ್ಳಕೆರೆಯಿಂದ ಮೊಳಕಾಲ್ಮೂರಿನವರೆಗೆ ಮನುಷ್ಯರು ಮಾತ್ರ ಕೇಳುತ್ತಿದ್ದರು ಅಂದುಕೊಂಡರೆ ತಪ್ಪು. ಕುರಿಗಳು ಮೇವು ಬಿಟ್ಟು ಕಿವಿ ನಿಮಿರಿಸುತ್ತಿದ್ದವು. ಬಳ್ಳಾರಿ ಬಸ್ಸಿನ ಡ್ರೈವರು ಇಂಜಿನ್ ಆರಿಸಿ ಸ್ಟಿಯರಿಂಗಿನ ಮೇಲೆ ಗದ್ದವೂರುತ್ತಿದ್ದ. ಉಳ್ಳಾರ್ತಿ ಕಾವಲಿನ ಹುಲ್ಲು ಗಾಳಿಯಿಲ್ಲದೆಯೂ ತಲೆದೂಗುತ್ತಿತ್ತು. ಅಪ್ಪನ ಎಣ್ಣೆ ಮಿಲ್ಲನ್ನು ತಮ್ಮ ಮುರುಗೇಶನ ಕೈಗೆ ಹಾಕಿ ಮೈಕು ಹಿಡಿದಿದ್ದ ಅವನ ಬಾಯಿಂದ ಮಾತು ಶೇಂಗಾ ಎಣ್ಣೆಯಂತೆ ಇಳಿಯುತ್ತಿತ್ತು. ಅಂಥವನಿಗೆ ಹೊನ್ನಕ್ಕನೆಂಬ ಹಲ್ಲಿಲ್ಲದ ಮುದುಕಿ ಒಂದೇ ಪ್ರಶ್ನೆಯಲ್ಲಿ ಮಣ್ಣು ಮುಕ್ಕಿಸಿದಳು.

ದೇವಸಮುದ್ರದಲ್ಲಿ ಆ ಸಂಜೆ ಅವನು ಬೇಡವೆಂದದ್ದರ ಮೇಲೆ ಮನುಷ್ಯನಿಗೆ ಹುಟ್ಟುವ ಆಸೆಯ ಬಗ್ಗೆ ಮಾತಾಡಿದ್ದ. ದೂರದೇಶದ ಧರ್ಮಗ್ರಂಥದಲ್ಲಿ ತೋಟದ ತುಂಬ ಹಣ್ಣಿದ್ದರೂ ಬೇಡವೆಂದ ಒಂದನ್ನೇ ಕಚ್ಚಿ, ತಾವು ಬೆತ್ತಲೆಂದು ತಿಳಿದು ಎಲೆಯ ಮರೆ ಹುಡುಕಿದ ಮೊದಲ ಗಂಡಹೆಂಡತಿಯ ಕತೆ ಹೇಳಿದ. ನಮ್ಮ ಪುರಾಣದಲ್ಲಿ ಋಷಿ ಕೊಟ್ಟ ಮಂತ್ರವನ್ನು ಸುಮ್ಮನೆ ಪರೀಕ್ಷಿಸಿ ಜನ್ಮವಿಡೀ ಕಣ್ಣೀರಿಟ್ಟ ಕನ್ಯೆಯ ಕತೆ ಹೇಳಿದ. "ತಿಳಿಯಬಾರದ್ದನ್ನು ತಿಳಿದವನು ಮತ್ತೆ ಮಗುವಾಗಲಾರ" ಎಂದು ಮುಗಿಸಿದಾಗ ಬಿದ್ದ ಚಪ್ಪಾಳೆಗೆ ಹತ್ತು ಹಳ್ಳಿಯ ಗುಬ್ಬಿಗಳು ಗೂಡು ಬಿಟ್ಟವು.

ಆಗ ಹೊನ್ನಕ್ಕ ಎದ್ದು ನಿಂತಳು.

"ಸಾಮಿ, ಈಟೊಂದು ತಿಳ್ಕಂಡೀರಿ. ನಮ್ಮ ಹಟ್ಟಿ ದೇವ್ರ ಪೆಟ್ಟಿಗ್ಯಾಗೆ ಏನೈತೆ, ಅದೊಂದು ಹೇಳ್ರಿ."

"ಅಲ್ಲಿರುವುದು ಪರತತ್ವ, ತಾಯಿ."

"ಅದುಕ್ಕೆ ಕೈಯೈತಾ, ಕಾಲೈತಾ?"

ಹಿಂದಿನಿಂದ ಯಾವನೋ "ಚೆಪ್ಪಯ್ಯಾ ಚೆಪ್ಪು!", ಹೇಳಯ್ಯಾ ಹೇಳು, ಎಂದು ತೆಲುಗಿನಲ್ಲಿ ಕೂಗಿದ. ಜನ ನಕ್ಕರು. ಮೈಕು ಹಾಕಿದವನೂ ನಕ್ಕ. ಮಾರನೆಯ ದಿನ ಆ ನಗು ಬಸ್ಸು ಹತ್ತಿ ಚಳ್ಳಕೆರೆಗೆ ಬಂತು. ಕ್ಷೌರದ ಅಂಗಡಿಯಲ್ಲಿ, ಮಿಲ್ಲಿನ ಗೇಟಿನಲ್ಲಿ ಅವನ ಹೆಸರು ಪೆಟ್ಟಿಗೆಮೂರ್ತಿ ಎಂದಾಯಿತು. ಹೆಂಡತಿ ವಾಣಿಶ್ರೀ ಕೂಡ ಮೆಣಸಿನಕಾಯಿ ಡಬ್ಬಿ ಮುಂದಿಟ್ಟು, "ರೀ, ಇದ್ರೊಳಗೇನೈತೆ ಹೇಳ್ರಿ ನೋಡಾಣ" ಎಂದಳು.

ಪೆಟ್ಟಿಗೆ ಇದ್ದದ್ದು ದೇವಸಮುದ್ರದ ಹೊರಗಿನ ಹಟ್ಟಿಯ ಹುಲ್ಲುಗುಡಿಯಲ್ಲಿ. ಕರಿಕಂಬಳಿ ಹೊದಿಸಿ ಉಣ್ಣೆಹುರಿಯಿಂದ ಬಿಗಿದ ಮರದ ಪೆಟ್ಟಿಗೆ ಅದು. ಅದನ್ನು ಬಿಚ್ಚಿ ದೇವರ ಮೈತೊಳೆಯುವ ಹಕ್ಕು ಹೊನ್ನಕ್ಕನ ಅಣ್ಣ, ಪೂಜಾರಿ ಯರ್ರಪ್ಪನೊಬ್ಬನದು. ಹಟ್ಟಿಗೊಂದು ಕಟ್ಟಳೆಯಿತ್ತು: ಪೆಟ್ಟಿಗೆಯ ಒಳಗನ್ನು ನೋಡಿದವನ ಬಾಯಿಂದ ದೇವರ ಮಾತು ಕೇಳಬಾರದು. ಅದಕ್ಕೇ ಪೂಜಾರಿಯಾದ ದಿನದಿಂದ ಯರ್ರಪ್ಪ ದೇವರ ಬಗ್ಗೆ ಬಾಯಿ ಬಿಟ್ಟವನಲ್ಲ. ಸುತ್ತಲ ಊರುಗಳೂ ಈ ಕಟ್ಟಳೆಗೆ ತಲೆಬಾಗಿದ್ದವು. ಅಂದರೆ, ಓಂಕಾರಮೂರ್ತಿ ಪೆಟ್ಟಿಗೆ ತೆರೆದದ್ದು ಗೊತ್ತಾದರೆ ಈ ಸೀಮೆಯಲ್ಲಿ ಅವನ ಪ್ರವಚನಕ್ಕೆ ಒಂದು ನಾಯಿಯೂ ಕೂರುವುದಿಲ್ಲ. ಮಾತು ಬಿಟ್ಟರೆ ಅವನಿಗೆ ಬೇರೆ ಬದುಕಿರಲಿಲ್ಲ. ಮಿಲ್ಲಿನಲ್ಲಿ ಹಿಂಡಿ ಯಾವುದು, ಬೀಜ ಯಾವುದು ಎಂದೂ ಅವನಿಗೆ ತಿಳಿಯದು.

ಗೊತ್ತಾದರೆ ತಾನೇ, ಎಂದುಕೊಂಡ. ದಡ್ಡರು ಕದಿಯುತ್ತಾರೆ, ಕದ್ದದ್ದನ್ನು ಬಚ್ಚಿಡಬೇಕು, ಮಾರಬೇಕು, ಸಿಕ್ಕಿಬೀಳಬೇಕು. ಅವನು ಒಯ್ಯುವುದು ಒಂದು ನೋಟವನ್ನು ಮಾತ್ರ. ನೋಟಕ್ಕೆ ಯಾವ ಪೊಲೀಸು ಜೇಬು ತಡಕುತ್ತಾನೆ? ಭೂಮಿ ಹುಟ್ಟಿದಾಗಿನಿಂದ ಇಷ್ಟು ಶುದ್ಧವಾದ ಅಪರಾಧ ನಡೆದಿಲ್ಲವೆಂದು ಅವನಿಗೆ ಖಾತ್ರಿಯಾಯಿತು.

ಮೊದಲು ಯರ್ರಪ್ಪನ ಸ್ನೇಹ ಮಾಡಿದ. ಹಟ್ಟಿಗೆ ಹೋದಾಗಲೆಲ್ಲ ಗುಡಿಯ ಹೊಸಿಲಾಚೆ ಕೈಮುಗಿದು ನಿಂತು, ಕಣ್ಣಿನಿಂದ ಮಾತ್ರ ಒಳಹೊಕ್ಕು ಹುರಿಯ ಗಂಟನ್ನು ಓದಿದ. ಆ ಗಂಟು ಯರ್ರಪ್ಪನ ಮನೆತನದ್ದು: ಎಡಕ್ಕೆ ಸುತ್ತಿ, ಅಡಿಯಿಂದ ತೂರಿಸಿ, ಕೊನೆಯನ್ನು ಒಳಗೆ ಮಡಚುವಂಥದ್ದು. ಮನೆಯಲ್ಲಿ ಮಂಚದ ಕಾಲಿಗೆ ಎಷ್ಟು ಸಲ ಕಟ್ಟಿ ಬಿಚ್ಚಿದನೆಂದರೆ ವಾಣಿಶ್ರೀ, "ಮಂಚ ಎಲ್ಲಿಗೂ ಓಡಿಹೋಗಲ್ಲ, ಬಿಡ್ರಿ" ಎಂದಳು.

"ಒಳಗೆ ಏನೈತೆ ಯರ್ರಪ್ಪ?" ಎಂದು ಒಮ್ಮೆ ಮೆಲ್ಲಗೆ ಕೇಳಿಯೂ ನೋಡಿದ.

"ನೋಡಿದ್ದು ಕಣ್ಣು ಸಾಮಿ. ಬಾಯಿಗ್ಯಾಕೆ ಆ ಸುದ್ದಿ?" ಎಂದು ಮುದುಕ ನಕ್ಕ. ನಗುವಾಗ ಅವನ ಕಣ್ಣೊಳಗಿನ ಪೊರೆ ಮೊಸರಿನಂತೆ ಕಂಡಿತು.

ಓಂಕಾರಮೂರ್ತಿಗೆ ದಾರಿ ಹೊಳೆದದ್ದು ಆ ಪೊರೆಯಲ್ಲಿ. ಮಿಲ್ಲಿನವರನ್ನೆಲ್ಲ ಹಿಡಿದು ದೇವಸಮುದ್ರದಲ್ಲಿ ಉಚಿತ ಕಣ್ಣಿನ ಶಿಬಿರ ಮಾಡಿಸಿದ. ಜೊತೆಗೆ ಪಾಯಸದೂಟ. ಪಾಯಸವೆಂದರೆ ಆ ಸೀಮೆಯ ಕಲ್ಲುಗುಂಡುಗಳೂ ಉರುಳಿಕೊಂಡು ಬರುತ್ತವೆ, ಹಟ್ಟಿ ಬರದಿರುತ್ತದೆಯೇ? ಕುರಿ ಹೊಡೆದುಕೊಂಡು ಹೋದ ಹುಡುಗರನ್ನು ಬಿಟ್ಟು, ಕೈಕೂಸಿನಿಂದ ಹಿಡಿದು ಕೋಲೂರುವವರವರೆಗೆ ಎಲ್ಲರೂ ಬಂದರು. ಗುಡಿಗೆ ಕಾವಲಿರಲಿಲ್ಲ, ಬೀಗವೂ ಇರಲಿಲ್ಲ. ಅಲ್ಲಿ ಭಯವೇ ಬೀಗ.

ಭಾಷಣ ಮುಗಿಸಿ, ಯರ್ರಪ್ಪನನ್ನು ತಾನೇ ಕೈಹಿಡಿದು ಡಾಕ್ಟರ ಮುಂದೆ ಕೂರಿಸಿ, ಗಂಟಲು ನೋವೆಂದು ಹೇಳಿ ಕಾರಿನಲ್ಲಿ ಮಲಗುವವನಂತೆ ಹೊರಬಿದ್ದ. ಚಪ್ಪಲಿ ಬಿಟ್ಟು, ತಲೆಗೆ ಕಂಬಳಿ ಎಳೆದುಕೊಂಡು ಕುರಿದಾರಿ ಹಿಡಿದ. ಸಂಜೆ ಮಂದೆ ಅದೇ ದಾರಿಯಲ್ಲಿ ಮರಳುತ್ತದೆ. ಸಾವಿರ ಗೊರಸುಗಳು ಅವನ ಹೆಜ್ಜೆಯನ್ನು ಪುಡಿ ಮಾಡುತ್ತವೆ. ಅದನ್ನೂ ಯೋಚಿಸಿದ್ದ.

ಗುಡಿಯೊಳಗೆ ಗಂಟು ಹಳೆಯ ಗೆಳೆಯನಂತೆ ಬಿಚ್ಚಿಕೊಂಡಿತು. ಮುಚ್ಚಳ ಎತ್ತಿದ.

ಗೇಣುದ್ದದ ಮರದ ಹೆಣ್ಣುಮಗು. ಅಷ್ಟೇ. ತೊಳೆದು ತೊಳೆದು ಮೂಗು ಸವೆದಿತ್ತು. ಕೈಗೆ ಹಸಿರು ಗಾಜಿನ ಪುಟ್ಟ ಬಳೆ. ಮೈಗೆ ಮಾಸಿದ ಕುಪ್ಪಸದ ಬಟ್ಟೆ, ತಾಯಿಯೊಬ್ಬಳು ಚಳಿಗೆ ಸುತ್ತಿದಂತೆ. ಅವನ ಕಣ್ಣು ಹೋಗಲಿಲ್ಲ, ಗುಡುಗಲಿಲ್ಲ, ಹಲ್ಲಿ ಕೂಡ ಲೊಚಗುಟ್ಟಲಿಲ್ಲ. ಮೂವತ್ತು ವರ್ಷ ಆಕಾಶದಗಲ ಮಾತಾಡಿದವನಿಗೆ ಆಕಾಶ ಗೇಣಿಗಿಳಿದಿತ್ತು. ಇಷ್ಟೇನಾ ಎಂಬ ಶಬ್ದ ಎದೆಯಲ್ಲಿ ಕಲ್ಲಿನಂತೆ ಬಿತ್ತು. ಬಿದ್ದದ್ದು ಮತ್ತೆ ಏಳಲಿಲ್ಲ. ಬಟ್ಟೆಯನ್ನು ಇದ್ದಂತೆಯೇ ಸರಿಪಡಿಸಿ, ಗಂಟು ಹಾಕಿ, ಕಂಬಳಿಯ ಮಡಿಕೆ ತಿದ್ದಿ, ಕೂತಿದ್ದ ಜಾಗದ ಧೂಳನ್ನು ಪಂಚೆಯ ತುದಿಯಿಂದ ಬೀಸಿ ಹಿಂತಿರುಗಿದ. ಪಾಯಸದ ಸಾಲು ಇನ್ನೂ ಕರಗಿರಲಿಲ್ಲ.

ಅಂದಿನಿಂದ ಅವನ ಮಾತಿಗೆ ರುಚಿ ಹೋಯಿತು. ಪರತತ್ವ ಎನ್ನಲು ಬಾಯಿ ತೆರೆದರೆ ಅವಳ ಸವೆದ ಮೂಗು ಕಾಣುತ್ತಿತ್ತು. ಊಟಕ್ಕೆ ಕೂತರೆ ಅವಳ ಬಳೆ. ಹೇಳಿಕೊಳ್ಳುವಂತಿಲ್ಲ, ಲೋಕದಲ್ಲೇ ದೊಡ್ಡ ಬಡಾಯಿಗಾರನಿಗೆ ಬಡಾಯಿ ಕೊಚ್ಚಲಾಗದ ಗೆಲುವು ಸಿಕ್ಕಿತ್ತು. ಆದರೂ ಭಯವಿರಲಿಲ್ಲ. ಚಳ್ಳಕೆರೆಯಲ್ಲಿ ಶಸ್ತ್ರಚಿಕಿತ್ಸೆ ಮುಗಿಸಿ ಕಪ್ಪು ಕನ್ನಡಕದಲ್ಲಿ ಹಟ್ಟಿಗೆ ಮರಳಿದ ಯರ್ರಪ್ಪ ಮೊದಲು ಗುಡಿಗೆ ಹೋಗಿ ಗಂಟು ಸವರಿ ನೋಡಿದನಂತೆ, "ಇದ್ದಂಗೇ ಐತೆ" ಎಂದನಂತೆ. ಅದನ್ನು ಕೇಳಿದ ದಿನ ಓಂಕಾರಮೂರ್ತಿ ಎರಡು ತುತ್ತು ಹೆಚ್ಚು ಉಂಡ.

ಶಿಬಿರದ ಸಮಾರೋಪಕ್ಕೆ ದೇವಸಮುದ್ರದಲ್ಲಿ ಮತ್ತೆ ಶಾಮಿಯಾನ ಎದ್ದಿತು. ಕಪ್ಪು ಕನ್ನಡಕದ ಮುದುಕರು ಮುಂದಿನ ಸಾಲಿನಲ್ಲಿ, ಹಟ್ಟಿ ಅವರ ಹಿಂದೆ. ಅವನು ಮೈಕು ಹಿಡಿಯುವಷ್ಟರಲ್ಲಿ ಹೊನ್ನಕ್ಕ ಎದ್ದಳು. ಜನ ನಗಲು ಬಾಯಿ ಸಿದ್ಧಮಾಡಿಕೊಂಡರು. ಮುದುಕಿ ಕೈಮುಗಿದಳು.

"ಅವತ್ತು ನಿಮ್ಮನ್ನ ನಗಾಡಿದ್ದು ತಪ್ಪಾತು ಸಾಮಿ. ನಮ್ಮಣ್ಣುಂಗೆ ಕಣ್ಣು ಕೊಟ್ರಿ. ಆದ್ರೆ ದೇವ್ರನ್ನ ನೋಡಿದ ಕಣ್ಣಿಗೆ ಕತ್ತಿ ಹಾಕಿಸ್ಬಿಟ್ವಿ. ದೇವ್ರು ಸಿಟ್ಟಾಗ್ತೈತೇನೋ ಅಂತ ಅವ್ನು ಕೂಳು ಮುಟ್ಟವಲ್ಲ. ನೀವೊಂದು ಮಾತು ಹೇಳ್ರಿ."

ಓಂಕಾರಮೂರ್ತಿ ಅವಳನ್ನು ನೋಡಿದ. ಸೇಡು ತೀರಿತ್ತು, ಆದರೆ ತೀರಿದ ಜಾಗದಲ್ಲಿ ಏನೂ ಉಳಿದಿರಲಿಲ್ಲ. ಆ ಮುದುಕನ ಬೆರಳುಗಳೇ ಆ ಮರದ ಮುಖವನ್ನು ತೊಳೆದು ಸವೆಸಿದ್ದವೆಂದು ನೆನಪಾಯಿತು. ಜೀವಮಾನದಲ್ಲಿ ಮೊದಲ ಸಲ ಯಾರನ್ನೂ ಮೆಚ್ಚಿಸಲಿಕ್ಕಲ್ಲದೆ ಮಾತಾಡಿದ.

"ಹೆದರಬೇಡವ್ವ. ಇಷ್ಟು ವರ್ಷ ಮೈತೊಳೆದ ಕೈ ಅದು. ಅವಳು ಕೈಬಿಡಲ್ಲ. ಕಾಯ್ತಾಳೆ."

ಆ ಹಟ್ಟಿಯಲ್ಲಿ ತಲೆತಲಾಂತರದಿಂದ ದೇವರನ್ನು ಅವನು ಎಂದವರಿಲ್ಲ, ಅವಳು ಎಂದವರಿಲ್ಲ. ಗಂಡೋ ಹೆಣ್ಣೋ ಗೊತ್ತಿಲ್ಲದವರು ದೇವ್ರು ಐತೆ, ದೇವ್ರು ನೋಡ್ತೈತೆ, ದೇವ್ರು ಕಾಯ್ತೈತೆ ಎಂದೇ ಬದುಕಿದ್ದರು. ಬಾಯಿ ತಪ್ಪಿತು ಎಂದ ಓಂಕಾರಮೂರ್ತಿ, ತಾಯಿ ಎಂಬ ಭಾವದಲ್ಲಿ ಹೇಳಿದೆ ಎಂದ. ಯಾರೂ ಅವನ ಕಡೆ ನೋಡುತ್ತಿರಲಿಲ್ಲ. ಎಲ್ಲರೂ ಯರ್ರಪ್ಪನನ್ನು ನೋಡುತ್ತಿದ್ದರು. ನೀರು ತಾಗಿಸಬಾರದೆಂದು ಡಾಕ್ಟರು ಹೇಳಿದ್ದ ಕಣ್ಣುಗಳಿಂದ, ಕಪ್ಪು ಗಾಜಿನ ಕೆಳಗೆ, ಎರಡು ಧಾರೆ ಇಳಿಯುತ್ತಿದ್ದವು. ಹೊನ್ನಕ್ಕ ಸೆರಗನ್ನು ಕಿವಿ ಮುಚ್ಚುವಂತೆ ಎಳೆದುಕೊಂಡು ಅಣ್ಣನನ್ನು ಎಬ್ಬಿಸಿದಳು. ಅವರ ಹಿಂದೆ ಹಟ್ಟಿ ಎದ್ದಿತು, ಹಟ್ಟಿಯ ಹಿಂದೆ ಊರು. ಹೆಜ್ಜೆ ಅಳಿಸಿದ್ದ, ಗಂಟು ಕೂರಿಸಿದ್ದ, ಧೂಳು ಬೀಸಿದ್ದ. ನಾಲಿಗೆಯ ಮೇಲೆ ಅಂಟಿಕೊಂಡಿದ್ದ ಒಂದು ಳ ಅಕ್ಷರವನ್ನು ಒರೆಸಬೇಕೆಂದು ಮಾತ್ರ ಅವನಿಗೆ ಹೊಳೆದಿರಲಿಲ್ಲ.