ಮುತ್ತಿನ ಚೀಲ ಏನಾಯಿತು?

ಇಸೊಗಾಯ್ ಪ್ರೇಕ್ಷಕರ ಅಭಿಪ್ರಾಯದ ಕಾರ್ಡುಗಳನ್ನು ಎರಡು ಸಲ ತಿರುವಿ ಹಾಕಿದರು. ಮೂವತ್ತೊಂದು. ಮೂರನೆಯ ಸಲವೂ ತಿರುವಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಫುಸಾಯೆ-ಸಾನ್, ನನ್ನ ಕಾರ್ಡು ಇದರಲ್ಲಿ ಇಲ್ಲ."

ಇಲ್ಲದಿದ್ದರೆ ಒಳ್ಳೆಯದೇ ಆಯಿತು ಅಂದೆ. ಅಂಥ ಸಿನಿಮಾ ನೋಡಿದ್ದೇ ಪಾಪ, ಅದರ ಬಗ್ಗೆ ಬರೆದದ್ದು ಕಳೆದುಹೋದರೆ ಪಾಪ ಸ್ವಲ್ಪ ಕಡಿಮೆಯಾಯಿತು.

"ನಾನು ಐದಕ್ಕೆ ಐದು ಕೊಟ್ಟಿದ್ದೆ," ಅಂದರು ಅವರು. "ಇಲ್ಲಿ ಎರಡಕ್ಕಿಂತ ಹೆಚ್ಚು ಯಾರೂ ಕೊಟ್ಟಿಲ್ಲ. ಯಾರೋ ಪೆಟ್ಟಿಗೆಗೆ ಕೈ ಹಾಕಿದ್ದಾರೆ."

ಪೆಟ್ಟಿಗೆ ನನ್ನ ಜವಾಬ್ದಾರಿ. ಕಮೊಮೆ ಟಾಕೀಸಿನಲ್ಲಿ ಇಪ್ಪತ್ತಾರು ವರ್ಷದಿಂದ ಟಿಕೆಟ್ ಹರಿಯುವವಳು ನಾನು, ಬಾಗಿಲು ತೆರೆಯುವವಳೂ ನಾನೇ. ಮಾಲೀಕರು ಆಸ್ಪತ್ರೆ ಸೇರಿದ ಮೇಲೆ ಬಯ್ಯಿಸಿಕೊಳ್ಳುವವಳೂ ನಾನೇ.

ಸಿನಿಮಾದ ಹೆಸರು 'ಮೀಟರ್ ಹಾಕಿ ಓಡು'. ನಮ್ಮ ಬಂದರಿನಲ್ಲೇ, ಹದಿನೆಂಟು ದಿನದಲ್ಲಿ, ಒಂದೇ ಒಂದು ಹಳೇ ಟ್ಯಾಕ್ಸಿ ಇಟ್ಟುಕೊಂಡು ತೆಗೆದದ್ದು. ಮುತ್ತಿನಂಗಡಿ ದೋಚಿದ ಇಬ್ಬರು ಕಳ್ಳರು ಪಾರಾಗಲು ಒಬ್ಬ ಮುದಿ ಟ್ಯಾಕ್ಸಿಯವನನ್ನು ಗೊತ್ತುಮಾಡಿಕೊಳ್ಳುತ್ತಾರೆ. ಅವನೋ ಕೆಂಪು ದೀಪ ಕಂಡಲ್ಲೆಲ್ಲ ನಿಲ್ಲಿಸುತ್ತಾನೆ, ಅಟ್ಟಿಸಿಕೊಂಡು ಬರುವ ಪೊಲೀಸರಿಗೆ ತಲೆ ಬಾಗಿಸಿ ದಾರಿ ಬಿಡುತ್ತಾನೆ, ಕಳ್ಳರಿಗೆ ರಸೀದಿ ಕೊಡುತ್ತಾನೆ. ಇದಕ್ಕೆ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಥೂ! ಪೊಲೀಸರ ಟೋಪಿ ರಟ್ಟಿನದು. ರಕ್ತ ಅಂತ ಬಳಿದದ್ದು ಟೊಮೆಟೊ ಸಾಸು, ಅದೂ ಮುದ್ದೆ ಮುದ್ದೆಯಾಗಿ. ಕೊನೆಗೆ ಟ್ಯಾಕ್ಸಿ ಹೋಗಿ ಮೀನು ಒಣಹಾಕಿದ ಚಪ್ಪರಕ್ಕೆ ನುಗ್ಗುತ್ತದೆ, ಚಹಾದ ಕೆಟಲ್ ಹಿಡಿದ ಒಬ್ಬ ಹೆಂಗಸು ಚೀರುತ್ತ ಓಡುತ್ತಾಳೆ. ಆಗಂತೂ ಟಾಕೀಸಿನ ಮಾಡು ಹಾರಿಹೋಗುವಷ್ಟು ನಗು. ನನಗೆ ವಾಕರಿಕೆ ಬಂದಿತ್ತು. ಯಾಕೆ ಅಂತ ಆಗ ಗೊತ್ತಾಗಲಿಲ್ಲ.

ಟ್ಯಾಕ್ಸಿ ಓಡಿಸಿದವರು ನಮ್ಮೂರಿನ ತೊಕುಜಿ. ಅರವತ್ತೆಂಟು ವರ್ಷ, ನಲವತ್ತು ವರ್ಷ ನಿಜವಾದ ಟ್ಯಾಕ್ಸಿ ಓಡಿಸಿದವರು. ಕೆಟಲ್ ಹಿಡಿದು ಓಡಿದವಳು ಅವರ ಹೆಂಡತಿ ಕಿನುಯೆ. ಮನೆಯ ಮುಂದಿನ ಕೋಣೆಯಲ್ಲಿ ಮಕ್ಕಳ ಅಕ್ಷರ ತಿದ್ದಿಸುತ್ತಾಳೆ. ಊರಿನ ಅರ್ಧ ಜನ ಅವಳ ಕೈಯಲ್ಲೇ ಬರೆಯಲು ಕಲಿತವರು.

ಶನಿವಾರ ಮಧ್ಯಾಹ್ನ ಮೊದಲ ಪ್ರದರ್ಶನ. ಸಿನಿಮಾ ಹೇಗಿತ್ತು ಅಂತ ಬರೆದು ಪೆಟ್ಟಿಗೆಗೆ ಹಾಕಲು ಬಂದವರಿಗೆಲ್ಲ ಒಂದು ಕಾರ್ಡು, ಒಂದು ಮೋಟು ಪೆನ್ಸಿಲು. ಒಸಾಕಾದಿಂದ ಬಂದ ವಿತರಕ ಕಿತಾದಾನಿ ಎಲ್ಲರೆದುರೇ ಹೇಳಿದ್ದ: ಕಾರ್ಡುಗಳು ಚೆನ್ನಾಗಿದ್ದರೆ ಸಿನಿಮಾ ನಲವತ್ತು ಊರಿಗೆ ಹೋಗುತ್ತದೆ, ಚಳಿಗಾಲದಲ್ಲಿ ಎರಡನೇ ಭಾಗ, ಹಿಮ ಬಿದ್ದ ಘಟ್ಟದ ರಸ್ತೆಯಲ್ಲಿ, ಮತ್ತೆ ತೊಕುಜಿ-ಸಾನ್ ಕೈಯಲ್ಲೇ ಗಾಡಿ. ಕಾರ್ಡು ಕೆಟ್ಟರೆ ಸಿನಿಮಾ ಡಬ್ಬಿಯಲ್ಲೇ. ತೊಕುಜಿ ಆ ಮಾತಿಗೆ ಹುಡುಗನ ಹಾಗೆ ಕೆಂಪಾಗಿದ್ದರು.

ಭಾನುವಾರ ಬೆಳಿಗ್ಗೆ ಪೆಟ್ಟಿಗೆ ತೆರೆದೆವು. ಓದಿ ಹೇಳಿದ್ದು ಕಿನುಯೆಯೇ. ನನಗೆ ಪೆನ್ಸಿಲಿನ ಅಕ್ಷರ ಸರಿಯಾಗಿ ಕಾಣುವುದಿಲ್ಲ, ಅವಳದು ಓದುವುದರಲ್ಲಿ ಎತ್ತಿದ ಕೈ. 'ಕಥೆ ಅನ್ನೋದು ಹಳಸಿದ ಅನ್ನ.' 'ರಟ್ಟಿನ ಟೋಪಿ ನೋಡಿ ಹೇಸಿಗೆಯಾಯಿತು.' 'ಮುತ್ತಿನ ಚೀಲ ಏನಾಯಿತು? ಅದನ್ನೂ ಹೇಳದೆ ಮುಗಿಸಿದಿರಲ್ಲ, ನೋಡಿದವರು ಮೂರ್ಖರೇ?' ಚೀಲದ ಪ್ರಶ್ನೆ ನಾಲ್ಕು ಕಾರ್ಡುಗಳಲ್ಲಿತ್ತು. ಬೆಂಚಿನ ಮೇಲೆ ಕೂತಿದ್ದ ತೊಕುಜಿ ಹತ್ತನೇ ಕಾರ್ಡಿಗೆ ಎದ್ದು ಮನೆಗೆ ಹೋದರು. ನನಗೆ ಅಯ್ಯೋ ಅನ್ನಿಸಲಿಲ್ಲ. ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ? ಇಡೀ ಊರಿಗೆ ನನ್ನಷ್ಟೇ ರುಚಿ ಇದೆ ಅಂದುಕೊಂಡೆ.

ಈಗ ಈ ಇಸೊಗಾಯ್. ರೈಲ್ವೆಯಲ್ಲಿ ಕಳೆದುಹೋದ ಸಾಮಾನಿನ ಕಚೇರಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು. ಊರಿನಲ್ಲಿ ಏನು ಕಳೆದರೂ ಜನ ಪೊಲೀಸರಿಗಿಂತ ಮೊದಲು ಅವರ ಬಾಗಿಲು ತಟ್ಟುತ್ತಾರೆ. ಕಿತಾದಾನಿ ಮೂರು ಗಂಟೆಯ ರೈಲಿಗೆ ಹೊರಡುವವ. ಗಡಿಯಾರದಲ್ಲಿ ಹನ್ನೊಂದೂವರೆ.

"ನಿನ್ನೆ ಜನ ನಕ್ಕರಾ ಇಲ್ಲವಾ?" ಅಂತ ಕೇಳಿದರು.

"ನಕ್ಕರು. ನಾಚಿಕೆ ಇಲ್ಲದವರು."

"ನಕ್ಕವರೇ ಮನೆಗೆ ಹೋಗುವ ಮುಂಚೆ ಹೀಗೆ ಉಗಿದು ಬರೆದರಾ?"

ನಾನು ಮೇಜಿನ ಮೇಲಿನ ಕಾರ್ಡುಗಳನ್ನು ಕೂಡಿಸಿ ಕಟ್ಟು ಮಾಡಿದೆ.

"ಪೆಟ್ಟಿಗೆ ರಾತ್ರಿ ಎಲ್ಲಿತ್ತು?"

ಅದೇ ನನಗೆ ಬೇಡವಾಗಿದ್ದ ಪ್ರಶ್ನೆ. ಪ್ರದರ್ಶನ ಮುಗಿದ ಮೇಲೆ ಎಲ್ಲರಿಗೂ ಇನಾರಿ ಕೊಟ್ಟೆವು, ಸಿಹಿ ತೋಫು ಚೀಲದೊಳಗೆ ಅನ್ನ ತುಂಬಿದ್ದು, ಕಿನುಯೆ ಮಾಡಿದ್ದು. ಆ ಗಲಾಟೆಯಲ್ಲಿ ಪೆಟ್ಟಿಗೆಯನ್ನು ಟಾಕೀಸಿನ ಹಜಾರದ ಮೇಜಿನ ಮೇಲೇ ಮರೆತೆ, ಖಾಲಿ ಕಾರ್ಡುಗಳ ಕಟ್ಟಿನ ಜೊತೆ. ಬೆಳಿಗ್ಗೆ ನೋಡಿದಾಗ ಮೇಜಿನ ಮೇಲೇ ಇತ್ತು. ಪೆಟ್ಟಿಗೆಗೆ ಬೀಗ ಅಂತ ಏನಿಲ್ಲ, ಒಂದು ಕೊಕ್ಕೆ ಅಷ್ಟೆ.

"ಮುತ್ತಿನ ಚೀಲ ಕೊನೆಗೆ ಏನಾಯಿತು ಫುಸಾಯೆ-ಸಾನ್?" ಅಂದರು, ಸುಮ್ಮನೆ ಮಾತಿಗೆ ಅನ್ನುವ ಹಾಗೆ.

"ಏನಾಯಿತೋ ಯಾರಿಗೆ ಗೊತ್ತು? ಅಷ್ಟು ತಲೆ ಇದ್ದಿದ್ದರೆ ತೋರಿಸುತ್ತಿದ್ದರು."

ಅವರು ನನ್ನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರು. ಆಮೇಲೆ ಕಾರ್ಡುಗಳನ್ನು ಜೇಬಿಗಿಳಿಸಿ, ಟೋಪಿ ಹಾಕಿಕೊಂಡು, ಬನ್ನಿ ಅಂದರು.

ಮೊದಲು ಕಿತಾದಾನಿ. ವಸತಿಗೃಹದಲ್ಲಿ ಕೂತು ಉದ್ದ ಮುಖ ಮಾಡಿಕೊಂಡು ಊಟ ಮಾಡುತ್ತಿದ್ದ. ಕಾರ್ಡು ಕೆಟ್ಟದ್ದರಿಂದ ಅವನಿಗೇ ನಷ್ಟ, ತಾನು ಆಗಲೇ ಮೇಲಿನವರಿಗೆ ಹೊಗಳಿಬಿಟ್ಟಿದ್ದೇನೆ ಅಂದ. ನಿನ್ನೆ ಎಲ್ಲಿ ಕೂತಿದ್ದಿರಿ? ನಡುವಿನ ಸಾಲಿನಲ್ಲಿ. ಎಲ್ಲಿಯವರೆಗೆ? ದೀಪ ಹತ್ತುವವರೆಗೆ, ಮತ್ತೆ? ಈ ಪ್ರಶ್ನೆಗೆ ಅವನು ಸಿಟ್ಟಾದ. ಹೆಸರುಗಳ ಪಟ್ಟಿ ಮುಗಿಯುವ ಮೊದಲು ಎದ್ದು ಹೋಗುವ ಹಳ್ಳಿಗುಗ್ಗು ಅಂದುಕೊಂಡಿರಾ ಅಂತ ಕೇಳಿದ.

ಎರಡನೆಯವ ಕ್ಷೌರಿಕ ಮುಗುರುಮಾ. ಸಿನಿಮಾದಲ್ಲಿ ಎರಡನೇ ಕಳ್ಳ. ಅವನ ಮೂರು ದೃಶ್ಯ ಕತ್ತರಿಸಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ, ಕ್ಯಾಮೆರಾ ಕೆಟ್ಟದ್ದು, ಬೆಳಕು ಕೆಟ್ಟದ್ದು ಅಂತ ವಾರದಿಂದ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ನನಗೆ ಇವನೇ ಅಂತ ಖಾತ್ರಿಯಾಗಿತ್ತು. ಗಿರಾಕಿಯ ಗಲ್ಲದ ಮೇಲೆ ಕತ್ತಿ ಇಟ್ಟುಕೊಂಡೇ ಮಾತಾಡಿದ.

"ಚೀಲಾನಾ? ಅದನ್ನೇ ಅಲ್ವಾ ಕೊನೇಲಿ ತೋರ್ಸಿದ್ದು, ಹೆಸರುಗಳೆಲ್ಲ ಹೋದ ಮೇಲೆ. ಮುದುಕ ಅದನ್ನ ಪೊಲೀಸ್ ಚೌಕಿಗೆ ತಗೊಂಡ್ಹೋಗಿ, 'ಪ್ರಯಾಣಿಕರು ಗಾಡೀಲಿ ಮರೆತು ಹೋಗಿದ್ದಾರೆ' ಅಂತ ಕೊಟ್ಟು ರಸೀದಿ ಇಸ್ಕೋತಾನೆ. ಇದೊಂದೇ ಚೆನ್ನಾಗಿರೋದು, ಅದರಲ್ಲೂ ನಾನಿಲ್ಲ. ನನ್ನ ಹೆಸರನ್ನ ಅಡುಗೆಯವರ ಕೆಳಗೆ ಹಾಕಿದ್ದಾರೆ, ಅದನ್ನ ನೋಡೋಕ್ಕೇ ಕೂತಿದ್ದೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನಗೆ. ಬೀದಿಗೆ ಬಂದ ಕೂಡಲೇ ಇಸೊಗಾಯ್ ಕೈ ಹಿಡಿದು ನಿಲ್ಲಿಸಿದೆ.

"ನನ್ನ ಮೇಲೆ ಅನುಮಾನ ಅಲ್ಲವಾ?"

"ಇತ್ತು," ಅಂದರು. "ನಮ್ಮ ಜನ ಎಂಥ ಸಿನಿಮಾ ಆದರೂ ದೀಪ ಹತ್ತುವ ತನಕ ಏಳುವುದಿಲ್ಲ. ಹಾಗಾದರೆ ನಾಲ್ಕು ಜನಕ್ಕೆ ಚೀಲ ಹೇಗೆ ಕಾಣಲಿಲ್ಲ? ಆ ನಾಲ್ಕು ಕಾರ್ಡು ಬರೆದದ್ದು ಒಬ್ಬರೇ. ಹೆಸರುಗಳು ಶುರುವಾದಾಗಲೇ ಎದ್ದು ಹೋದವರು. ಯಾರು ಯಾರು ಎದ್ದರು?"

ಇಪ್ಪತ್ತಾರು ವರ್ಷದಲ್ಲಿ ನಾನು ಒಂದೇ ಒಂದು ಸಿನಿಮಾದ ಕೊನೆ ನೋಡಿಲ್ಲ. ಹೆಸರು ಬರತೊಡಗಿದ ಕೂಡಲೇ ಎದ್ದು ಹೊರಗೆ ಹೋಗಿ ಬಾಗಿಲು ತೆಗೆದು ನಿಲ್ಲಬೇಕು. ನಿನ್ನೆಯೂ ಹಾಗೇ. ನನ್ನ ಹಿಂದೆಯೇ ಇನ್ನೊಬ್ಬರು ಬಂದರು, ಇನಾರಿ ಜೋಡಿಸಲು. ಹೇಳಲು ನಾಲಿಗೆ ಬರಲಿಲ್ಲ, ಆದರೂ ಹೇಳಿದೆ.

"ಕಿನುಯೆ."

"ಬೆಳಿಗ್ಗೆ ಅವರು ತೊಳೆದ ಪಾತ್ರೆ ಡಬ್ಬಿ ತಂದಿದ್ದರಾ? ನಿಮಗಿಂತ ಮೊದಲೇ ಬಂದಿದ್ದರಾ?"

ಬಂದಿದ್ದಳು. ಮೆಟ್ಟಿಲ ಮೇಲೆ ಕಾಯುತ್ತಿದ್ದಳು. ನಾನು ಟಾಕೀಸಿನ ಬೀಗ ತೆಗೆದು ಬಕೆಟ್ ತರಲು ಹಿಂದೆ ಹೋದಾಗ ಅವಳೊಬ್ಬಳೇ ಒಳಗಿದ್ದಳು. ಪೆಟ್ಟಿಗೆ ರಾತ್ರಿಯೆಲ್ಲ ಆ ಡಬ್ಬಿಗಳ ನಡುವೆ ಅವಳ ಮನೆಯಲ್ಲಿತ್ತು ಅಂತ ನನಗೆ ಆಗ ಹೊಳೆಯಿತು. ಗಂಡನ ಬಾಳಿನ ಒಂದೇ ಒಂದು ಸಂತೋಷಕ್ಕೆ ಮಣ್ಣು ಹಾಕಿದಳಲ್ಲ! ಸಿನಿಮಾ ನೋಡಿ ಬಂದಿದ್ದಕ್ಕಿಂತ ದೊಡ್ಡ ಹೇಸಿಗೆ ಈಗ ಬಂತು.

ತೊಕುಜಿಯ ಮನೆಯ ಪಕ್ಕದ ಶೆಡ್ಡಿನಲ್ಲಿ ಟ್ಯಾಕ್ಸಿ ನಿಂತಿತ್ತು. ಎಡಗಡೆಯ ದೀಪ ಒಡೆದಿತ್ತು. ಅವರು ಒಳಗೆ ಸ್ಟೇರಿಂಗ್ ಹಿಡಿದು ಕೂತಿದ್ದರು. ಮಾತಾಡಿಸಿದರೆ ತಲೆ ಎತ್ತಲಿಲ್ಲ. ನಾವು ಅಡುಗೆಮನೆಗೆ ಹೋದೆವು.

ಕಿನುಯೆ ನಮ್ಮನ್ನು ಕಂಡು ಮೂಲಂಗಿ ಹೆಚ್ಚುವುದನ್ನು ನಿಲ್ಲಿಸಿದಳು. ಇಸೊಗಾಯ್ ಯಾವುದನ್ನೂ ಸುತ್ತಿಬಳಸಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಒಂದೊಂದಾಗಿ ಹೇಳಿದರು: ಚೀಲ, ಎದ್ದು ಹೋದ ಇಬ್ಬರು, ಪಾತ್ರೆ ಡಬ್ಬಿ, ಊರವರ ಅಕ್ಷರವೆಲ್ಲ ಬಲ್ಲ ಕೈ.

"ಇಬ್ಬರಲ್ಲಿ ನೀವೇ ಅಂತ ಹೇಗೆ ಗೊತ್ತಾಯಿತು ಹೇಳಲಾ?" ಅಂದರು ಕೊನೆಗೆ. "ಮೂವತ್ತು ಕಾರ್ಡು ಕಥೆಗೆ ಉಗಿದವು, ಟೋಪಿಗೆ ಉಗಿದವು, ಮೀನಿಗೂ ಉಗಿದವು. ಗಾಡಿ ಓಡಿಸಿದವರ ಮೇಲೆ ಒಂದು ಹನಿ ಬೀಳಲಿಲ್ಲ. ಅಷ್ಟು ಜನಕ್ಕೆ ಅಸಹ್ಯವಾದ ಸಿನಿಮಾದಲ್ಲಿ, ಒಂದೇ ಒಂದು ಕಾರ್ಡು ಬಿಟ್ಟರೆ, ಹೀರೋನನ್ನು ಮಾತ್ರ ಯಾರೂ ಬಯ್ಯಲಿಲ್ಲ. ಬಯ್ಯಲು ಬರೆದವರಿಗೆ ಕೈ ಬಂದಿಲ್ಲ."

ಕಿನುಯೆ ಕೈ ಒರೆಸಿಕೊಂಡಳು. ಕಪಾಟಿನ ಮೇಲಿನಿಂದ ಒಣ ಕಡಲಪಾಚಿಯ ತಗಡಿನ ಡಬ್ಬಿ ಇಳಿಸಿದಳು. ಒಳಗೆ ಮೂವತ್ತು ಕಾರ್ಡು, ದಾರ ಕಟ್ಟಿ ಇಟ್ಟಿದ್ದಳು. ಸುಡಲು ಮನಸ್ಸು ಬರಲಿಲ್ಲ ಅಂದಳು.

"ಯಾಕೆ ಮಾಡಿದೆ ಕಿನುಯೆ?" ನನಗೆ ತಡೆಯಲಾಗಲಿಲ್ಲ. "ಅವರು ಊಟ ಬಿಟ್ಟು ಕೂತಿದ್ದಾರೆ ಅಲ್ಲಿ."

"ಊಟ ನಾಳೆ ಮಾಡ್ತಾರೆ," ಅಂದಳು. ದನಿ ಏರಿಸಲಿಲ್ಲ. "ಮೀನಿನ ಚಪ್ಪರಕ್ಕೆ ಗಾಡಿ ನುಗ್ಗಿದ್ದು ಕಥೇಲಿ ಬರೆದಿರ್ಲಿಲ್ಲ. ನಾನು ಎಲ್ಲರಿಗೂ ಚಹಾ ತಗೊಂಡ್ಹೋಗ್ತಿದ್ದೆ. ಅವರ ಎಡಗಣ್ಣು ಹೋಗಿ ಒಂದು ವರ್ಷ ಆಯ್ತು. ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ದಾರೆ. ಅವರಿಗೆ ಚಪ್ಪರಾನೂ ಕಾಣ್ಲಿಲ್ಲ, ನಾನೂ ಕಾಣ್ಲಿಲ್ಲ. ಎರಡು ಮೊಳದಲ್ಲಿ ಉಳಿದೆ. ನಿನ್ನೆ ಅದಕ್ಕೇ ಊರವರೆಲ್ಲ ಜೋರಾಗಿ ನಕ್ಕ್ರಿ. 'ಎಷ್ಟು ಚೆನ್ನಾಗಿ ನಟಿಸಿದ್ದೀರಿ' ಅಂತ ನನ್ನ ಕೈ ಕುಲುಕಿದ್ರಿ. ಇನ್ನು ಹಿಮದ ಘಟ್ಟ ಅಂತೆ."

ಇಸೊಗಾಯ್ ತಲೆ ತಗ್ಗಿಸಿದರು. ಅವರೂ ನಕ್ಕವರೇ.

ಹಿಂದೆ ಶಬ್ದವಾಯಿತು. ತೊಕುಜಿ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. ಒಳಗೆ ಬಂದು ಚಾಪೆಯ ಮೇಲೆ ಕೂತರು, ಡಬ್ಬಿಯೊಳಗಿನ ಕಾರ್ಡೊಂದನ್ನು ತೆಗೆದು ಬಲಗಣ್ಣಿನ ಹತ್ತಿರ ಹಿಡಿದು, ಮತ್ತೆ ದೂರ ಹಿಡಿದು, ನನ್ನ ಕೈಗೆ ಕೊಟ್ಟರು. ಕಿನುಯೆ ಓದುವುದು ಬೇಡ, ನೀವು ಓದಿ ಅಂದರು.

ಇಸೊಗಾಯ್ ಅವರಿಂದ ಕನ್ನಡಕ ಇಸಿದುಕೊಂಡು ಓದಿದೆ. ಐದಕ್ಕೆ ಐದು. ಐದಕ್ಕೆ ನಾಲ್ಕು. 'ಸತ್ತ ಗಂಡನ ನೆನಪಾಯಿತು, ಅವರೂ ಹೀಗೇ ಕೆಂಪು ದೀಪಕ್ಕೆ ನಿಲ್ಲುತ್ತಿದ್ದರು.' 'ಆ ಮುದುಕರನ್ನು ಇನ್ನೊಮ್ಮೆ ನೋಡಬೇಕು.' ಇಂಥವೇ ಮೂವತ್ತು. ಚೀಲವನ್ನು ಚೌಕಿಗೆ ಕೊಡುವ ದೃಶ್ಯ ಕಿನುಯೆಗೆ ಗೊತ್ತಾಗದ ಹಾಗೆ ಪಕ್ಕದ ಊರಿನಲ್ಲಿ ತೆಗೆದದ್ದಂತೆ. ಪರದೆಯ ಮೇಲೇ ನೋಡಿ ನಗಲಿ ಅಂತ ಅಡಗಿಸಿಟ್ಟಿದ್ದರಂತೆ. ತೊಕುಜಿ ಇದನ್ನು ಹೇಳಿದಾಗ ಕಿನುಯೆ ತನ್ನ ಏಪ್ರನ್ನಿನಿಂದ ಮುಖ ಮುಚ್ಚಿಕೊಂಡಳು.

"ಮೂವತ್ತಾಯಿತು," ಅಂದರು ತೊಕುಜಿ. "ಇನ್ನೊಂದು?"

ಮೂವತ್ತೊಂದನೆಯದು ಇಸೊಗಾಯ್ ಜೇಬಿನಲ್ಲಿತ್ತು, ಕೆಟ್ಟ ಕಾರ್ಡುಗಳ ಜೊತೆ. ಅದು ನನ್ನದು. ಪೆಟ್ಟಿಗೆಯಲ್ಲಿದ್ದ ಒಂದೇ ನಿಜವಾದ ಕಾರ್ಡು.

"ಅದನ್ನ ನಾನು ಮುಟ್ಟಲಿಲ್ಲ ಫುಸಾಯೆ," ಅಂದಳು ಕಿನುಯೆ. "ಅದರಲ್ಲಿ ಬದಲಾಯಿಸೋಕೆ ಏನೂ ಇರ್ಲಿಲ್ಲ. ಉಳಿದವುಗಳಲ್ಲಿ ಬಯ್ಯೋದು ಹೇಗೆ ಅಂತ ಅದನ್ನ ನೋಡೇ ಕಲಿತೆ."

ಬೇಡ ಅಂದೆ. ತೊಕುಜಿ ಓದಿ ಅಂದರು. ಪೆನ್ಸಿಲ್ ಮೊನೆ ಮುರಿಯುವಷ್ಟು ಒತ್ತಿ ಬರೆದಿದ್ದೆ. ನನ್ನ ಅಕ್ಷರವೇ ನನಗೆ ಬೇಡವಾಯಿತು. ಆದರೂ ಓದಿದೆ.

"ಐದಕ್ಕೆ ಒಂದು. ಹೇಸಿಗೆ. ಆ ಮುದುಕನಿಗೆ ಕಣ್ಣು ಕಾಣುತ್ತದೋ ಇಲ್ಲವೋ? ಅವನ ಕೈಗೆ ಗಾಡಿ ಕೊಟ್ಟವರಿಗೆ ನಾಚಿಕೆ ಇಲ್ಲ. ಆ ಹೆಂಗಸು ನಿಜವಾಗಿಯೂ ಹೆದರಿದ್ದಾಳೆ, ಇದರಲ್ಲಿ ನಗುವುದು ಏನಿದೆ?"

ಒಲೆಯ ಮೇಲೆ ಕೆಟಲ್ ಕುದಿಯುತ್ತಿತ್ತು, ಸಿನಿಮಾದಲ್ಲಿ ಅವಳ ಕೈಯಲ್ಲಿದ್ದ ಅದೇ ಕೆಟಲ್. ನಾನು ಸಿಟ್ಟಿಗೆ ಬಾಯಿಗೆ ಬಂದದ್ದು ಬರೆದಿದ್ದೆ. ಕಣ್ಣಿನ ಮಾತು ಬೈಗುಳವಾಗಿತ್ತೇ ಹೊರತು ನನಗೇನು ಗೊತ್ತಿತ್ತು?

ತೊಕುಜಿ ಬಹಳ ಹೊತ್ತು ಹೆಂಡತಿಯನ್ನೇ ನೋಡಿದರು, ಪೂರ್ತಿ ಕಾಣಬೇಕು ಅಂತ ತಲೆಯನ್ನು ಎಡಕ್ಕೆ ತಿರುಗಿಸಿಕೊಂಡು. ಆಮೇಲೆ ಅಂಗಿಯ ಜೇಬಿನಿಂದ ಟ್ಯಾಕ್ಸಿಯ ಕೀಲಿ ತೆಗೆದು ನನ್ನ ಕಾರ್ಡಿನ ಮೇಲಿಟ್ಟರು.

"ನಿನ್ನೆ ಸಿನಿಮಾ ನೋಡಿದವರು ನೀವೊಬ್ಬರೇ ಫುಸಾಯೆ-ಸಾನ್," ಅಂದರು. "ಕಿತಾದಾನಿಗೆ ಮೂವತ್ತೊಂದೂ ಕೊಡಿ. ನಿಮ್ಮದನ್ನ ಮೇಲಿಡಿ."

ಇಸೊಗಾಯ್ ಕೈಗಡಿಯಾರ ನೋಡಿದರು. ಎರಡು ಗಂಟೆ ಹತ್ತು ನಿಮಿಷ. ನಾನು ಕಾರ್ಡುಗಳಿಗೆ ದಾರ ಕಟ್ಟಿಕೊಂಡು ಎದ್ದೆ, ನಿಲ್ದಾಣಕ್ಕೆ ನಡೆದುಕೊಂಡೇ ಹೋದೆವು.