ಒಗೆಯದ ಅಂಗಿ

"ನಿಮ್ಮಂಥೋರ ಮನೇಲಿ ಕೊಳೆಗೇನು ಬರಗಾಲವೇನಪ್ಪಾ? ಹೋಗು, ಹುಡುಕ್ಕೊಂಡು ಬಾ!"

ನೋಂದಣಿ ಮೇಜಿನ ಹಿಂದಿನಿಂದ ಗುಮಾಸ್ತ ಪರಮೇಶಿ ಹೀಗೆ ಕೂಗಿದಾಗ ಆಸ್ಪತ್ರೆಯ ಹಾಲಿನಲ್ಲಿ ಕೂತಿದ್ದ ನಲವತ್ತು ಜನರೂ ತಿರುಗಿ ನೋಡಿದರು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಓಬಳೇಶ ಮೇಜಿನ ಮೇಲಿದ್ದ ಮಗಳ ದಿಂಬಿನ ಗೌಸನ್ನು ಮಡಚಿ ಚೀಲಕ್ಕೆ ತುರುಕಿದ. ಗಾಜಿನ ಪೆಟ್ಟಿಗೆ ಅದನ್ನು ಅರ್ಧ ಗಂಟೆ ಒಳಗಿಟ್ಟುಕೊಂಡು ಆಗಷ್ಟೇ ಹೊರಗೆ ತಳ್ಳಿತ್ತು. ಮೇಲಿನ ಪರದೆಯಲ್ಲಿ ಕೆಂಪು ಅಕ್ಷರಗಳು: 'ಹೊಂದಿಕೆ ಇಲ್ಲ. ವಸ್ತುವನ್ನು ಒಗೆಯಲಾಗಿದೆ.'

ಅರ್ಜಿಯ ಹಾಳೆ ಪರಮೇಶಿಯ ಮುಂದೆಯೇ ಇತ್ತು. ತಂದೆಯ ವಿದ್ಯಾಭ್ಯಾಸ, ಎಂಟನೇ ತರಗತಿ. ಉದ್ಯೋಗ, ಶೇಂಗಾ ಸುಲಿಯುವ ಮಿಲ್ಲು. 'ನಿಮ್ಮಂಥೋರು' ಅನ್ನುವ ಮಾತು ಎಲ್ಲಿಂದ ಹುಟ್ಟಿತು ಎಂದು ಓಬಳೇಶನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಮೇಜನ್ನೇ ಎತ್ತಿ ಬಿಸಾಡಬೇಕು ಅನ್ನಿಸಿತು. ಆದರೆ ಹೆಂಡತಿ ವೇಣಿಯ ತೊಡೆಯ ಮೇಲೆ ಮಗಳು ಗೌತಮಿ ಕೂತಿದ್ದಳು. ಕೈಗೆ ಕಾಲುಚೀಲ ತೊಡಿಸಿದ್ದರೂ ಬಿಡದೆ ಮೊಣಕೈ ಸಂದನ್ನು ಉಜ್ಜಿಕೊಳ್ಳುತ್ತಿದ್ದಳು.

ಅದು ೨೦೫೮ರ ಮಾರ್ಚ್. ಚಳ್ಳಕೆರೆಯ ಹೊರಗೆ ಮಕ್ಕಳ ಚರ್ಮ ಕೇಂದ್ರ ಶುರುವಾಗಿ ಒಂದು ವರ್ಷವಾಗಿತ್ತು. ಡಾಕ್ಟರ್ ಶಮೀಮ್ ಕಂಡುಹಿಡಿದ ಆ ಯಂತ್ರಕ್ಕೆ ಕಾಗದದ ಮೇಲೆ ಉದ್ದನೆಯ ಹೆಸರಿತ್ತು. ಊರಿನವರು ಅದನ್ನು 'ಗುರ್ತಿನ ಪೆಟ್ಟಿಗೆ' ಅಂದರು, ಅದೇ ಉಳಿಯಿತು.

ಅದು ಮಾಡುತ್ತಿದ್ದ ಕೆಲಸವನ್ನು ಡಾಕ್ಟರ್ ಹೀಗೆ ವಿವರಿಸುತ್ತಿದ್ದರು. ನಮ್ಮ ರಕ್ತದಲ್ಲಿ ಕಾವಲುಗಾರರಂಥ ಕಣಗಳಿವೆ. ಬಾಯಿ ಎನ್ನುವುದು ದೇಹದ ತಲೆಬಾಗಿಲು. ಅಲ್ಲಿಂದ ಬಂದದ್ದನ್ನು ಅವು ಸಾಮಾನ್ಯವಾಗಿ ನೆಂಟನೆಂದು ಒಳಗೆ ಬಿಡುತ್ತವೆ. ಆದರೆ ಇಸುಬಿನಿಂದ ಬಿರುಕುಬಿಟ್ಟ ಚರ್ಮ ಕುಸಿದ ಗೋಡೆಯ ಹಾಗೆ. ಅದೇ ತಿನಿಸಿನ ಒಂದು ಕಣ ಆ ಬಿರುಕಿನಿಂದ ಮೊದಲ ಸಲ ನುಸುಳಿದರೆ ಕಾವಲುಗಾರ ಅದನ್ನು ಕಳ್ಳನೆಂದು ಗುರುತಿಟ್ಟುಕೊಳ್ಳುತ್ತಾನೆ. ಆಮೇಲೆ ತಲೆಬಾಗಿಲಿನಿಂದ ಬಂದರೂ ದೊಣ್ಣೆ ಎತ್ತುತ್ತಾನೆ. ತುಟಿ ಊದುವುದು, ಉಸಿರು ಕಟ್ಟುವುದು, ಎಲ್ಲಾ ಆ ದೊಣ್ಣೆಯ ಏಟು. ಶಮೀಮ್ ಅವರ ಶೋಧ ಇಷ್ಟು: ಕಾವಲುಗಾರನ ನೆನಪಿನಲ್ಲಿ ಕಳ್ಳನ ಮುಖವೊಂದೇ ಇರುವುದಿಲ್ಲ, ಅವತ್ತು ಅವನ ಜೊತೆ ಬಂದವರ ಮುಖವೂ ಇರುತ್ತದೆ. ದೂಳು, ಹೊಗೆ, ನೂಲು, ಬೆವರು. ಅದೇ ಗುಂಪನ್ನು ಅತಿ ಸಣ್ಣ ಅಳತೆಯಲ್ಲಿ, ತೆಳ್ಳನೆಯ ಪಟ್ಟಿ ಮಾಡಿ, ದಿನವೂ ನಾಲಿಗೆಯ ಕೆಳಗೆ ಇಟ್ಟರೆ ನಿಧಾನಕ್ಕೆ ದೊಣ್ಣೆ ಕೆಳಗಿಳಿಯುತ್ತದೆ.

ಆದರೆ ಗುಂಪು ಅದೇ ಆಗಿರಬೇಕು. ಅದಕ್ಕೇ ಆ ಹಾಲಿನಲ್ಲಿ ಜನ ತಬ್ಬಿಕೊಂಡು ಕೂತಿದ್ದ ವಸ್ತುಗಳು ಆಸ್ಪತ್ರೆಯಲ್ಲಿ ಕಾಣುವಂಥವಲ್ಲ. ಒಬ್ಬಳ ಮಡಿಲಲ್ಲಿ ಅಜ್ಜಿಯ ಕೌದಿ. ಇನ್ನೊಬ್ಬನ ಕೈಯಲ್ಲಿ ಮೊಟ್ಟೆ ಒಡೆದು ಕಲಸುತ್ತಿದ್ದ ಹಳೆಯ ಬಟ್ಟಲು. ಎಸೆಯಲು ಮರೆತ ಸಾಮಾನಿಗೆಲ್ಲ ಈಗ ಬೆಲೆ ಬಂದಿತ್ತು. ಮನೆ ಚೊಕ್ಕಟವಾಗಿಟ್ಟುಕೊಂಡವರು ಅಳುತ್ತಿದ್ದರು.

ಗೌತಮಿಯ ರಕ್ತದ ಒಂದು ಹನಿ ನೋಡಿ ಪೆಟ್ಟಿಗೆ ಹೇಳಿದ್ದು ಮೂರೇ ಮಾತು. ಶೇಂಗಾ. ಚರ್ಮದ ಮೂಲಕ. ಹುಟ್ಟಿದ ನಾಲ್ಕನೇ ತಿಂಗಳು.

ವರಾಂಡಕ್ಕೆ ಬಂದು ಡಾಕ್ಟರ್ ಶಮೀಮ್ ಕೇಳಿದರು, "ಮಗಳಿಗೆ ಮೂರು ತುಂಬೋಕೆ ಇನ್ನೆಷ್ಟು ದಿನ ಇದೆ?"

"ಹದಿನೇಳು."

"ಮೂರು ತುಂಬಿದ್ರೆ ಆ ನೆನಪು ಗಟ್ಟಿಯಾಗಿಬಿಡುತ್ತೆ ಓಬಳೇಶ್. ಆಮೇಲೆ ನಮ್ಮ ಪಟ್ಟಿ ಕೆಲಸ ಮಾಡಲ್ಲ. ನಾಲ್ಕನೇ ತಿಂಗಳಲ್ಲಿ ಮಗು ಮೈಗೆ ಶೇಂಗಾ ತಾಗಿದ್ದು ಹೇಗೆ? ನೆನಪು ಮಾಡ್ಕೊಳ್ಳಿ."

ನೆನಪು ಮಾಡಿಕೊಳ್ಳುವುದೇನಿತ್ತು? ಅವನಿಗೆ ಎರಡು ವರ್ಷದಿಂದ ಗೊತ್ತಿತ್ತು.

"ನಮ್ಮವ್ವ ಎಣ್ಣೆ ತಿಕ್ತಿದ್ಲು. ಗಾಣದ ಶೇಂಗಾ ಎಣ್ಣೆ."

"ಹಾಗಾದ್ರೆ ಆ ಎಣ್ಣೆ ಪಾತ್ರೆ ತನ್ನಿ. ಅವರನ್ನೂ ಕರ್ಕೊಂಡು ಬನ್ನಿ, ಕೈ ಒರೆಸಿ ನೋಡ್ಬೇಕಾಗುತ್ತೆ. ಎಲ್ಲಿದ್ದಾರೆ?"

ಓಬಳೇಶ ಕಂಬದ ಕಡೆ ತಿರುಗಿ ಹೇಳಿದ, "ಪರಶುರಾಂಪುರದಲ್ಲಿ. ನಮ್ಮಕ್ಕನ ಮನೇಲಿ."

ಯಾಕೆ ಅಲ್ಲಿದ್ದಾಳೆ ಅನ್ನುವುದನ್ನು ಡಾಕ್ಟರ್ ಕೇಳಲಿಲ್ಲ.

ಮೂರು ತಿಂಗಳ ಬಾಣಂತನ ಮುಗಿಸಿಕೊಂಡು ವೇಣಿ ತವರಿನಿಂದ ಬಂದ ದಿನಗಳು ಅವನಿಗೆ ಈಗಲೂ ವಾಸನೆಯಾಗಿಯೇ ನೆನಪಿದ್ದವು. ಬೆಳಗ್ಗೆ ಹಂಡೆಯ ಕೆಳಗೆ ಶೇಂಗಾ ಹೊಟ್ಟು ಉರಿಯುವ ಹೊಗೆ, ಕಾಲು ಚಾಚಿ ಕೂತ ಅವ್ವ, ಅವಳ ಮೊಣಕಾಲಿನ ಮೇಲೆ ಮಿರಮಿರ ಮಿಂಚುವ ಮಗು, ಆಮೇಲೆ ಸಾಂಬ್ರಾಣಿ. ಸಂಜೆ ಮಿಲ್ಲಿನ ಸೈರನ್ ಆದ ಕೂಡಲೇ ಅವನು ಓಡುತ್ತಿದ್ದ. ಬೀದಿಯ ತುದಿಯಿಂದಲೇ "ಎಲ್ಲವ್ವಾ ನನ್ನ ಗೌತಿ?" ಎಂದು ಕೂಗುತ್ತಿದ್ದ. ಒಲೆಯ ಮೇಲೆ ಅವ್ವ ಹುರಿಯುತ್ತಿದ್ದ ಕಾಯಿ ಚಟಪಟ ಅನ್ನುತ್ತಿತ್ತು. ಒಂದು ಹಿಡಿ ಕಾಯಿ, ಒಂದು ಚೂರು ಬೆಲ್ಲ, ಎದೆಯ ಮೇಲೆ ಮಗಳು. ಅದಕ್ಕಿಂತ ಹೆಚ್ಚಿನದೇನನ್ನೂ ಅವನು ಯಾರ ಹತ್ತಿರವೂ ಕೇಳಿದವನಲ್ಲ.

ಆಗಲೇ ಮಗುವಿನ ಕೆನ್ನೆ ಕೆಂಪಾಗಿ ಬಿರಿದಿತ್ತು. "ದೃಷ್ಟಿ" ಅಂದರು ಒಬ್ಬರು. "ಉಷ್ಣ" ಅಂದರು ಇನ್ನೊಬ್ಬರು. ಬೇವು ಅರೆದು ಹಚ್ಚು, ಬೆಣ್ಣೆ ಹಚ್ಚು, ಬಾಣಂತಿ ಬದನೆಕಾಯಿ ತಿಂದಿರಬೇಕು. ಹೇಳದವನೇ ಪಾಪಿ. ಒಂಬತ್ತನೇ ತಿಂಗಳಲ್ಲಿ ಬೆರಳ ತುದಿಯಷ್ಟು ಶೇಂಗಾ ಚಟ್ನಿ ನೆಕ್ಕಿದ ಮಗುವಿನ ತುಟಿ ಊದಿ, ಮೈಯೆಲ್ಲ ದದ್ದು ಎದ್ದು, ಉಸಿರಿನಲ್ಲಿ ಸೀಟಿ ಹತ್ತಿತು. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ಬದುಕಿಸಿದರು. "ಇದು ಚರ್ಮದಿಂದ ಶುರುವಾಗಿರಬಹುದು, ಮೈಗೆ ಏನು ಹಚ್ತಿದ್ರಿ?" ಎಂದು ಅಲ್ಲಿನವರು ಕೇಳಿದ್ದೇ ಸಾಕಾಯಿತು. ಮನೆಗೆ ಬಂದವನೇ ಬೀದಿಯ ಜನವೆಲ್ಲ ನೋಡುತ್ತಿದ್ದ ಹಾಗೆ ಅಂಗಳದಲ್ಲಿ ನಿಂತು ಅರಚಿದ್ದ: "ನನ್ನ ಮಗಳ ಮೈಗೆ ದಿನಾ ವಿಷ ಬಳಿದೋಳು ನೀನೇ ಕಣವ್ವಾ!"

ಅವ್ವ ತಿಪ್ಪಮ್ಮ ಒಳಗೆ ಹೋಗಿ ತನ್ನ ಟ್ರಂಕು ತಂದಳು. ಬಸ್ ಸ್ಟ್ಯಾಂಡಿನ ಕಡೆ ನಡೆದಳು.

ಅಂದಿನಿಂದ ಆ ಮನೆಗೆ ಶೇಂಗಾ ಬರಲಿಲ್ಲ. ಹಾಲು ಬರಲಿಲ್ಲ, ಮೊಟ್ಟೆ ಬರಲಿಲ್ಲ. ಏನು ಕೊಡಬಹುದು ಏನು ಕೊಡಬಾರದು ಎಂಬ ಪಟ್ಟಿಯನ್ನು ವೇಣಿ ಅಡುಗೆಮನೆ ಬಾಗಿಲಿಗೆ ಅಂಟಿಸಿದಳು. ಅವನು ಸುಲಿಯುವ ಯಂತ್ರ ಬಿಟ್ಟು ಮಿಲ್ಲಿನ ಲಾರಿ ಶೆಡ್ಡಿಗೆ ಕೆಲಸ ಬದಲಿಸಿಕೊಂಡ. ಅಂಗಡಿಯವರು ಪ್ರೀತಿಯಿಂದ ಚಿಕ್ಕಿ ಚಾಚಿದರೆ ಹುಲಿ ಕಂಡವನ ಹಾಗೆ ಮಗಳನ್ನು ಎಳೆದುಕೊಳ್ಳುತ್ತಿದ್ದ. ಊರಿಗೆ ಊರೇ ಶೇಂಗಾ ಹುರಿಯುತ್ತಿತ್ತು, ಅವನ ಮನೆಯಲ್ಲಿ ಮಾತ್ರ ಯಾವ ವಾಸನೆಯೂ ಇರಲಿಲ್ಲ.

ಅವತ್ತೇ ಓಬಳೇಶ ಪರಶುರಾಂಪುರಕ್ಕೆ ಹೋದಾಗ ಅವ್ವ ಕಟ್ಟೆಯ ಮೇಲೆ ರಾಗಿ ಕೇರುತ್ತಿದ್ದಳು. ಮೊರ ನಿಲ್ಲಿಸಿ ಅವನನ್ನು ನೋಡಿದಳು.

"ಕೂಸು ಕೆರ್ಕಳಾದು ಕಮ್ಮಿ ಆಗೈತೇನ್ಲಾ?"

"ಇಲ್ಲ."

"ನೀರು ಕುಡಿ. ಬಿಸ್ಲಾಗ ಬಂದಿದೀಯ."

ಅವನು ನಿಂತುಕೊಂಡೇ ವಿಷಯ ಹೇಳಿದ. ಕ್ಷಮಿಸು ಅನ್ನುವ ಮಾತು ದಾರಿಯುದ್ದಕ್ಕೂ ಬಸ್ಸಿನಲ್ಲಿ ಅವನ ಜೊತೆ ಕೂತು ಬಂದಿತ್ತು. ಹೊಸಿಲ ಹತ್ತಿರ ಇಳಿದು ಹೋಯಿತು. ಎಣ್ಣೆಯೇ ಕಾರಣ ಎಂದು ಪೆಟ್ಟಿಗೆಯೇ ತೋರಿಸಲಿದೆ, ಹಾಗಿರುವಾಗ ಯಾಕೆ ಕೇಳಬೇಕು ಅನ್ನಿಸಿತು.

ತಿಪ್ಪಮ್ಮ ಟ್ರಂಕಿನಿಂದ ಹಿತ್ತಾಳೆಯ ಗಿಂಡಿ ತೆಗೆದಳು. ತಳದಲ್ಲಿ ಎಣ್ಣೆ ಜಿಡ್ಡುಗಟ್ಟಿ ಅಂಟಿನ ಹಾಗೆ ಕೂತಿತ್ತು.

"ತೊಳೀಲೇ ಇಲ್ಲ. ತೊಳಿಯಾಕೆ ಮನಸು ಬರ್ಲಿಲ್ಲ ಕಣ್ಲಾ." ಮತ್ತೆ ಟ್ರಂಕಿಗೆ ಕೈಹಾಕಿ ಪ್ಲಾಸ್ಟಿಕ್ ಚೀಲವೊಂದನ್ನು ತೆಗೆದಳು. "ಇದೂ ಐತೆ ನೋಡು, ಒಗೀದೇ ಇರಾದು."

ಒಳಗೆ ಅವನದೇ ಒಂದು ಖಾಕಿ ಅಂಗಿ. ಮಿಲ್ಲಿನದು.

"ಇದ್ಯಾಕವ್ವಾ?"

"ವೇಣಿ ತವರಿಂದ ಬಂದ ದಿನ ನೀನು ಮಿಲ್ಲಿಂದ ಹಂಗೇ ಓಡಿ ಬಂದು ಕೂಸಿನ್ನ ಎದಿಗಾಕ್ಕಂಡೆ. ಅದು ಉಚ್ಚೆ ಹೊಯ್ತು. ನೀನು ನಗ್ತಾ ಕುಣಿದಾಡಿದೆ. ಅದ್ನ ಹೆಂಗೆ ಒಗೀಲಿ? ಎತ್ತಿಟ್ಕಂಡೆ." ಅವನ ಸಿಂಡರಿಸಿದ ಮುಖ ನೋಡಿ ಅವಳು ಬೊಚ್ಚು ಬಾಯಿ ಬಿಟ್ಟು ನಕ್ಕಳು. "ನಿನ್ನ ಕೂಸ್ನ ಉಚ್ಚೆ ನಿಂಗೇ ಬ್ಯಾಡಾಯ್ತಾ?"

"ಬೇಡ ಬಿಡು. ಬೇಕಾಗಿರೋದು ಎಣ್ಣೆ" ಅಂದ ಅವನು. ಅವಳು ಕೇಳದೆ ಅದನ್ನೂ ಚೀಲಕ್ಕೆ ಹಾಕಿದಳು.

ಮರುದಿನ ಹಾಲಿನಲ್ಲಿ ಅವ್ವ ಕೊನೆಯ ಬೆಂಚಿನ ಅಂಚಿಗೆ ಕೂತಳು. ಮೊಮ್ಮಗಳಿಂದ ನಾಲ್ಕು ಮಾರು ದೂರ. ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದಳು, ತಾಗಿದರೆ ಮಗುವಿಗೆ ಏನಾದರೂ ಆದೀತೆಂಬಂತೆ.

ಗಿಂಡಿ ಒಳಗೆ ಹೋಯಿತು. ಕೆಂಪು.

"ಇನ್ನೊಂದ್ಸಲ ನೋಡಿ ಮೇಡಂ" ಅಂದ ಓಬಳೇಶ.

ಇನ್ನೊಮ್ಮೆ ಕೆಂಪು. ಅವ್ವನ ಅಂಗೈ ಒರೆಸಿದ ಹತ್ತಿಯೂ ಕೆಂಪು.

"ಎಣ್ಣೆ ಅಲ್ಲ" ಅಂದರು ಶಮೀಮ್. "ಶೇಂಗಾ ಇದೆ, ಆದರೆ ಕಾವಲುಗಾರನಿಗೆ ಈ ಗುಂಪಿನ ಗುರುತೇ ಇಲ್ಲ."

"ಯಂತ್ರ ಕೆಟ್ಟಿರಬೇಕು!" ಅವನ ದನಿ ಏರಿತು. "ಹದಿನಾರೇ ದಿನ ಇದೆ, ನೀವಿಲ್ಲಿ ಆಟ ಆಡ್ತಿದೀರಾ?"

ವೇಣಿ ಅವನ ಕಡೆ ನೋಡಲೇ ಇಲ್ಲ. ಎದ್ದು ಚೀಲದಿಂದ ಅಂಗಿ ತೆಗೆದು ಪೆಟ್ಟಿಗೆಯೊಳಗೆ ಇಟ್ಟಳು. ಅರ್ಧ ಗಂಟೆ ಕಳೆಯಿತು. ಆಮೇಲೆ ಪರದೆ ಹಸಿರಾಯಿತು. ಸಾಲುಗಳು ಒಂದೊಂದಾಗಿ ಇಳಿದವು. ಶೇಂಗಾ ಸಿಪ್ಪೆಯ ದೂಳು. ಗೋಣಿ ನಾರು. ಯಂತ್ರದ ಗ್ರೀಸು. ಬೆವರು, ತಂದೆಯದು. ಸಂಪೂರ್ಣ ಹೊಂದಿಕೆ.

ಹಾಲಿನಲ್ಲಿ ಯಾರೋ "ಸಿಕ್ತು!" ಎಂದು ಚಪ್ಪಾಳೆ ತಟ್ಟಿದರು. ವೇಣಿ ಮಗುವಿನ ತಲೆಗೆ ಮುಖ ಒತ್ತಿ ಅತ್ತಳು. ಓಬಳೇಶ ಮಾತ್ರ ಕೊನೆಯ ಸಾಲನ್ನು ಮತ್ತೆ ಮತ್ತೆ ಓದಿದ. ಎಂಟನೇ ತರಗತಿಗೆ ಶಾಲೆ ಬಿಟ್ಟವನಿಗೂ ಅಷ್ಟು ಓದಲು ಬರುತ್ತಿತ್ತು.

ಶಮೀಮ್ ಅವನನ್ನು ಪಕ್ಕಕ್ಕೆ ಕರೆದರು. "ಇದು ತೀರ್ಪಲ್ಲ, ಔಷಧಿ. ನಾಳೆಯಿಂದ ಪಟ್ಟಿ ಇಡೋಣ. ಮುಂದಿನ ವರ್ಷ ಈ ಹೊತ್ತಿಗೆ ನಿಮ್ಮ ಮಗಳು ಶೇಂಗಾ ತಿಂದರೂ ತಿನ್ನಬಹುದು."

"ನಾನು ಎತ್ಕೊಂಡಿದ್ದಕ್ಕೆ ಬಂತಾ?"

ಅವರು ಸುಳ್ಳು ಹೇಳಲಿಲ್ಲ. "ಎತ್ಕೊಳ್ಳದ ಅಪ್ಪ ಆಗಿದ್ರೆ ಬರ್ತಿರಲಿಲ್ಲವೇನೋ."

"ಸ್ನಾನ ಮಾಡಿ ಎತ್ಕೋ ಅಂತ ಒಬ್ಬರೂ ಹೇಳಲಿಲ್ಲವಲ್ಲ ಮೇಡಂ. ಮಿಲ್ಲಲ್ಲಿ ನಲ್ಲಿ ಇತ್ತು, ಸೋಪು ಇತ್ತು. ಹತ್ತು ನಿಮಿಷದ ಕೆಲಸ. ಈ ವಿಷಯ ಯಾರಿಗೂ ಗೊತ್ತಿರಲಿಲ್ವಾ?"

ಶಮೀಮ್ ಕನ್ನಡಕ ತೆಗೆದು ಒರೆಸಿದರು. "ಗೊತ್ತಿತ್ತು. ಬಿರಿದ ಚರ್ಮದಿಂದ ಅಲರ್ಜಿ ಶುರುವಾಗಬಹುದು ಅಂತ ನಾನು ಹುಟ್ಟೋ ಮೊದಲೇ ಬರೆದಿಟ್ಟಿದ್ರು. ಇಪ್ಪತ್ತರ ದಶಕದಲ್ಲಂತೂ ಓದಿದ ಡಾಕ್ಟರಿಗೆಲ್ಲ ಗೊತ್ತಿತ್ತು."

"ಎಲ್ಲಿ ಬರೆದಿದ್ರು?"

"ಇಂಗ್ಲಿಷ್ ಪತ್ರಿಕೆಗಳಲ್ಲಿ."

"ಮಿಲ್ಲಿನ ಗೇಟಿನ ಮೇಲೆ ಬರೀಬೇಕಿತ್ತು" ಅಂದ ಓಬಳೇಶ.

ಮೂವತ್ತು ವರ್ಷ ಹಿಂದೆ ಅದಕ್ಕೆ ಒಂದು ಡಬ್ಬಿ ಬಣ್ಣ, ಒಂದು ಕುಂಚ ಸಾಕಿತ್ತು. ಈಗ ಇಷ್ಟು ದೊಡ್ಡ ಗಾಜಿನ ಪೆಟ್ಟಿಗೆ ಬೇಕಾಗಿತ್ತು.

ಅಷ್ಟರಲ್ಲಿ ಪರಮೇಶಿ ಮೇಜಿನಿಂದ ಕೂಗಿದ, "ಏನಪ್ಪಾ, ಸಿಕ್ತಲ್ಲ ಕೊಳೆ! ನಾನು ಹೇಳಲಿಲ್ವಾ? ಈ ಅಂಗಿ ಯಾರ್ದು ಅಂತ ಬರ್ಕೊಳ್ಳಲಿ?"

ಕೊನೆಯ ಬೆಂಚಿನಿಂದ ಅವ್ವ ಮೆಲ್ಲಗೆ ಎದ್ದಳು. ಅವಳಿಗೆ ಪರದೆ ಓದಲು ಬರುತ್ತಿರಲಿಲ್ಲ. ಬಣ್ಣ ಬದಲಾದದ್ದಷ್ಟೇ ಕಂಡಿತ್ತು. ಅವಳ ದನಿಯಲ್ಲಿ ದೂರು ಇರಲಿಲ್ಲ, ಗೆದ್ದ ಹಮ್ಮಂತೂ ಇರಲೇ ಇಲ್ಲ. ಎರಡು ವರ್ಷ ಒಳಗೇ ಇಟ್ಟುಕೊಂಡಿದ್ದ ಒಂದು ಮಾತನ್ನು ಕೇಳಿದಳು, ಅಷ್ಟೇ.

"ಓಬ್ಳಾ, ನನ್ನ ಎಣ್ಣೆ ಅಲ್ವಂತೇನಪ್ಪಾ?"

ಓಬಳೇಶ ವೇಣಿಯ ತೊಡೆಯಿಂದ ಮಗಳನ್ನು ಎತ್ತಿಕೊಂಡ. ಎದೆಗೆ ತಾಗಿಸಲಿಲ್ಲ, ಎರಡು ಕೈಯಲ್ಲಿ ಮುಂದೆ ಹಿಡಿದುಕೊಂಡು ಬೆಂಚುಗಳ ನಡುವೆ ನಡೆದ. ಅವ್ವನ ಮುಂದೆ ನಿಂತು, ಮಗಳನ್ನು ಒಂದು ಕೈಗೆ ಸರಿಸಿಕೊಂಡು, ಸೆರಗಿನೊಳಗಿನ ಅವಳ ಕೈಗಳನ್ನು ಹೊರಗೆ ಎಳೆದು, ಅವುಗಳಲ್ಲಿ ಮಗಳನ್ನು ಇಟ್ಟ. ಗೌತಮಿ ಕಾಲುಚೀಲದ ಕೈಯಿಂದ ಮುದುಕಿಯ ಗಲ್ಲ ಮುಟ್ಟಿ, ತಂದೆಯ ಕಡೆ ತಿರುಗಿ ಕೇಳಿದಳು, "ಅಪ್ಪಾ, ಇದು ಯಾರು?"

ಪರಮೇಶಿ ಪೆನ್ನು ಹಿಡಿದು ಕಾಯುತ್ತಿದ್ದ. ಅವ್ವ ಮಗನ ಮುಖವನ್ನೇ ನೋಡುತ್ತಿದ್ದಳು. 'ನನ್ನದು' ಅನ್ನುವ ಒಂದೇ ಮಾತು ಓಬಳೇಶನ ಬಾಯಿಂದ ಹೊರಡಲಿಲ್ಲ. ಬಾಗಿಲಿನ ಕಡೆ ತಿರುಗಿ ಬಿಸಿಲಿಗೆ ನಡೆದುಹೋದ.