ಮಾತು ಬಿಟ್ಟು ಹೋಗಬೇಕಾದ ಊರು

"ಸ್ವಲ್ಪ ಬಾಯಿ ಮುಚ್ಕೊಂಡು ಇರ್ತೀರಾ?"

ಲಿಡಿಯಾ ಅವನಿಗೆ ಹೇಳಿದ ಮೊದಲ ಮಾತೇ ಅದು.

ಪೋರ್ಚುಗಲ್ಲಿನ ವಿಯಾನಾ ಊರಿನ ಆಸ್ಪತ್ರೆಯ ಚಿಕ್ಕ ಕೋಣೆ. ಕುರ್ಚಿಯಲ್ಲಿ ಮುದುಕ ಅಬೀಲಿಯೊ. ಹಡಗು ಕಟ್ಟುವ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದವನು. ಪಾರ್ಶ್ವವಾಯು ಬಡಿದು ಮಾತು ನಿಂತುಹೋಗಿತ್ತು. ಹಾಗೆ ನಿಂತ ಮಾತನ್ನು ಮತ್ತೆ ಹೊರಡಿಸುವುದೇ ಲಿಡಿಯಾಳ ಕೆಲಸ. ಲೋಟ ಹಿಡಿದು ಅವಳು ಕಾಯುತ್ತಿದ್ದಳು. ಮುದುಕನ ತುಟಿ ಅದುರುತ್ತಿತ್ತು. "ನೀ... ನೀ..."

"ನೀರು!" ಎಂದುಬಿಟ್ಟಿದ್ದ ಪಕ್ಕದಲ್ಲಿ ನಿಂತಿದ್ದ ಎತ್ತರದ ಆಳು.

"ಅವರ ಮಾತು ಅವರೇ ಆಡಲಿ. ನಾಲಿಗೆ ತುದಿಗೆ ಬಂದಿದ್ದನ್ನ ನೀವು ಕಿತ್ಕೊಂಡ್ರಿ. ಹೊರಗೆ ಹೋಗಿ."

ಅವನ ಬಿಳಿ ಮುಖ ಕಿವಿಯವರೆಗೂ ಕೆಂಪಾಯಿತು. ಸದ್ದಿಲ್ಲದೆ ಹೊರಟುಹೋದ.

ಮಧ್ಯಾಹ್ನ ಅವಳು ಊಟಕ್ಕೆ ಹೊರಟಾಗ ಅವನು ಇನ್ನೂ ಮೆಟ್ಟಿಲ ಮೇಲೆ ಕೂತಿದ್ದ. ಅವಳನ್ನು ನೋಡಿ ಎದ್ದು, ತಡವರಿಸುತ್ತ ಹೇಳಿದ, "ನಾನು... ತಪ್ಪು ಆಗಿದ್ದೇನೆ."

"ತಪ್ಪು ಮಾಡಿದೆ ಅನ್ಬೇಕು."

"ಇಲ್ಲ. ನಾನೇ ತಪ್ಪು."

ಲಿಡಿಯಾಗೆ ನಗು ತಡೆಯಲಾಗಲಿಲ್ಲ. 'ಎಷ್ಟು ದಿನ ಆಯ್ತು, ಹೀಗೆ ನಕ್ಕು...'

ಅವನ ಹೆಸರು ತೋರ್ಲೈಫ್. ನಾರ್ವೆಯವನು. ತಮ್ಮ ಕಂಪನಿಗಾಗಿ ಇಲ್ಲಿ ಕಟ್ಟುತ್ತಿದ್ದ ಹಡಗಿನ ಕೆಲಸ ನೋಡಿಕೊಳ್ಳಲು ಬಂದಿದ್ದ ಇಂಜಿನಿಯರ್. ಅವನಿಗೆ ಪೋರ್ಚುಗೀಸ್ ಕಲಿಸಿದ್ದು ಅಬೀಲಿಯೊ. ಅದರಲ್ಲಿ ಮುಕ್ಕಾಲು ಪಾಲು ಬೈಗುಳ. ಗುರುವಿನ ಬಾಯಿ ಕಟ್ಟಿದ ಮೇಲೆ ಪ್ರತಿ ವಾರ ತಪ್ಪದೆ ನೋಡಲು ಬರುತ್ತಿದ್ದ.

ಮುದುಕನನ್ನು ನೋಡಲು ಬರುತ್ತಿದ್ದವನು ಅವಳನ್ನೂ ನೋಡಲು ಬರತೊಡಗಿದ. ಆಮೇಲೆ ನದಿಯ ದಂಡೆಯಲ್ಲಿ ನಡಿಗೆ... ಅವಳಮ್ಮನ ಬ್ರೆಡ್ಡಿನ ಅಂಗಡಿಯ ಹಿಂದೆ ಬಿಸಿ ಸೂಪು... ಪ್ರೀತಿ ಯಾವಾಗ ಬಂತು ಎಂದು ಇಬ್ಬರಿಗೂ ಗೊತ್ತಾಗಲಿಲ್ಲ.

ಹಡಗು ನೀರಿಗಿಳಿದ ದಿನ ಊರಿಗೆ ಊರೇ ಚಪ್ಪಾಳೆ ತಟ್ಟಿತು. ಲಿಡಿಯಾ ಮಾತ್ರ ತಟ್ಟಲಿಲ್ಲ. ಅಲ್ಲಿಗೆ ಅವನ ಕೆಲಸ ಮುಗಿದಿತ್ತು.

"ನಾನು ಇಲ್ಲೇ ಇರಬಹುದಿತ್ತು," ಎಂದ ತೋರ್ಲೈಫ್. "ಆದ್ರೆ ಸಿಗ್ನೆ ಇದಾಳೆ."

ಸಿಗ್ನೆ ಅವನ ಮಗಳು. ಹನ್ನೊಂದು ವರ್ಷ. ವಿಚ್ಛೇದನವಾದಾಗಿನಿಂದ ಒಂದು ವಾರ ಅಮ್ಮನ ಮನೆ, ಒಂದು ವಾರ ಅಪ್ಪನ ಮನೆ. ಈ ಹಡಗಿಗಾಗಿ ಅವಳಿಂದ ದೂರವಿದ್ದದ್ದೇ ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

"ನನ್ನ ಜೊತೆ ಬಾ ಲಿಡಿಯಾ."

"ಬರ್ತೀನಿ," ಎಂದಳು. ಯೋಚಿಸಲೂ ಇಲ್ಲ.

ಅಮ್ಮ ದಿಯೋಲಿಂಡಾ ಹಿಟ್ಟು ನಾದುತ್ತಲೇ ಎಲ್ಲ ಕೇಳಿಸಿಕೊಂಡಳು. ಪ್ಯಾರಿಸ್ಸಿನಲ್ಲಿ ಕಂಡವರ ಮನೆ ಮೆಟ್ಟಿಲು ಒರೆಸಿ ಅರ್ಧ ಆಯುಷ್ಯ ಕಳೆದು ಬಂದವಳು.

"ಚಳಿಗೆ ಹೆದರಬೇಡ ಕಣೆ. ದಪ್ಪ ಕೋಟು ಹಾಕ್ಕೊಂಡ್ರೆ ಆಯ್ತು. ಅಲ್ಲಿ ಯಾರ ಹತ್ರ ಜಗಳ ಆಡ್ತೀಯ, ಅದು ಹೇಳು."

"ಜಗಳಾನಾ?"

"ಹೂಂ. ಜಗಳ ಆಡೋಷ್ಟು, ತಮಾಷೆ ಮಾಡೋಷ್ಟು ಭಾಷೆ ಬೇಕು. ಪ್ಯಾರಿಸ್ಸಲ್ಲಿ ಎಲ್ಲರೂ ನನ್ನ ಏನಂತಿದ್ರು ಗೊತ್ತಾ? ಪಾಪ, ಸಾಧು ಹೆಂಗಸು ಅಂತ. ನನ್ನ!"

ಲಿಡಿಯಾ ನಕ್ಕಳು. ಅಮ್ಮ ನಗಲಿಲ್ಲ.

"ನಿನಗೆ ಜ್ವರ ಬಂದ ದಿನ, ಅವನು ಊರಲ್ಲಿ ಇಲ್ದೆ ಇದ್ರೆ, ಯಾರ ಬಾಗಿಲು ತಟ್ತೀಯ? ಅವನೇ ಇಲ್ದೆ ಹೋದ್ರೆ, ಆ ಊರಲ್ಲಿ ಇರ್ತೀಯಾ? ಇದಕ್ಕೆಲ್ಲ ಉತ್ತರ ಇದ್ರೆ ಹೊರಡು. ನಾನು ಅಡ್ಡ ಬರಲ್ಲ."

'ಅಮ್ಮನ ಕಾಲ ಬೇರೆ,' ಎಂದುಕೊಂಡಳು ಲಿಡಿಯಾ.

ನವೆಂಬರಿನಲ್ಲಿ, ನೋಡಿಕೊಂಡು ಬರೋಣವೆಂದು ರಜೆ ಹಾಕಿ ನಾರ್ವೆಗೆ ಹೋದಳು. ತೋರ್ಲೈಫನ ಉಲ್ಸ್ಟೈನ್‌ವಿಕ್ ಸಮುದ್ರದ ಅಂಚಿನ ಪುಟ್ಟ ಊರು. ಮಧ್ಯಾಹ್ನದ ಊಟ ಅರಗುವ ಮೊದಲೇ ಕತ್ತಲಾಗುತ್ತಿತ್ತು.

ಜನ ಒಳ್ಳೆಯವರೇ. ಭಾನುವಾರ ಊಟಕ್ಕೆ ತೋರ್ಲೈಫನ ಅಕ್ಕ ರಾಗ್ನ್‌ಹಿಲ್ಡ್ ಕರೆದಿದ್ದಳು. ಎಲೆಕೋಸು ಹಾಕಿ ಬೇಯಿಸಿದ ಕುರಿಮಾಂಸ, ಆಲೂಗಡ್ಡೆ. ಎಲ್ಲರೂ ಮೊದಲು ಇಂಗ್ಲಿಷಿನಲ್ಲೇ ಮಾತಾಡಿದರು. ಸ್ವಲ್ಪ ಹೊತ್ತಿಗೆ ಮರೆತರು. ನಗು ಎದ್ದಾಗ ಲಿಡಿಯಾಳೂ ನಕ್ಕಳು... ಯಾಕೆಂದು ತಿಳಿಯದೆ.

ಸಿಗ್ನೆ ಏನೋ ಕೇಳಿದಳು. ಲಿಡಿಯಾ ತಾನು ಅಲ್ಪಸ್ವಲ್ಪ ಕಲಿತಿದ್ದ ನಾರ್ವೇಜಿಯನ್‌ನಲ್ಲೇ ಉತ್ತರಿಸಲು ಹೊರಟಳು. "ನನಗೆ... ನನಗೆ ಇಷ್ಟ..."

"ಸಮುದ್ರ ಅಂದ್ರೆ ತುಂಬ ಇಷ್ಟ ಅವಳಿಗೆ," ಎಂದ ತೋರ್ಲೈಫ್.

ಅವಳು ಹೇಳಬೇಕೆಂದಿದ್ದದ್ದು ಸಮುದ್ರದ ಬಗ್ಗೆ ಅಲ್ಲ.

"ಇನ್ನೊಂದು ವಿಷಯ ಹೇಳು ಅವಳಿಗೆ," ಎಂದು ರಾಗ್ನ್‌ಹಿಲ್ಡ್ ನೆನಪಿಸಿದಳು. ತೋರ್ಲೈಫ್ ಹೆಮ್ಮೆಯಿಂದ ಹೇಳಿದ. ವೃದ್ಧಾಶ್ರಮದಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸವಿದೆಯಂತೆ. ಭಾಷೆ ಬೇಕಾಗಿಲ್ಲವಂತೆ.

ಲಿಡಿಯಾ ಥ್ಯಾಂಕ್ಸ್ ಎಂದಳು. ಉಳಿದ ಆಲೂಗಡ್ಡೆಯನ್ನು ಮುಟ್ಟಲಿಲ್ಲ.

ತಟ್ಟೆ ಎತ್ತಿಕೊಂಡು ಅಡುಗೆಮನೆಯ ಕಡೆ ಹೋದಾಗ, ಬಾಗಿಲ ಆಚೆ ಅಕ್ಕ ತಮ್ಮ ಮೆಲ್ಲಗೆ ಮಾತಾಡುತ್ತಿದ್ದರು. ಅವನ ಬಾಯಿಂದ ಬಂದ ಅಷ್ಟು ಮಾತಿನಲ್ಲಿ ಅವಳಿಗೆ ತಿಳಿದದ್ದು ಸ್ವಲ್ಪ ಮಾತ್ರ.

"ಲಿಡಿಯಾ... ಇಲ್ಲಿ... ಮಗು ಥರ."

ಮಗು ಎಂಬ ಪದ ಅವಳು ಕಲಿತ ಮೊದಲ ಪಾಠದಲ್ಲೇ ಇತ್ತು.

'ಮಗು... ಅಂದ್ರೆ ನಾನು ಇವರಿಗೆ ಹೊರೆ.'

ತಟ್ಟೆಯನ್ನು ಅಲ್ಲೇ ಮೇಜಿನ ಮೇಲಿಟ್ಟು ಹಿಂದಿರುಗಿದಳು. ಮರುದಿನವೇ ಹೊರಟಳು.

"ನನ್ನಿಂದ ಏನಾದ್ರೂ ತಪ್ಪಾಯ್ತಾ?" ವಿಮಾನ ನಿಲ್ದಾಣದಲ್ಲಿ ಅವನು ಕೇಳಿದ.

"ನನ್ನ ಕೈಲಿ ಆಗಲ್ಲ ತೋರ್ಲೈಫ್. ಅಷ್ಟೆ."

ಆಮೇಲೆ ಅವನ ಕರೆಗಳನ್ನು ಅವಳು ಎತ್ತಲಿಲ್ಲ. ಅಮ್ಮ ಬೆಳಗ್ಗೆ ಅವಳ ತಟ್ಟೆಗೆ ಒಂದು ಬಿಸಿ ರೊಟ್ಟಿ ಹೆಚ್ಚಿಗೆ ಹಾಕಿದಳು, ಅಷ್ಟೆ.

ಫೆಬ್ರವರಿಯಲ್ಲಿ ಅಬೀಲಿಯೊ ತೀರಿಕೊಂಡ. ಎರಡನೆಯ ಸಲ ಬಡಿದ ಪಾರ್ಶ್ವವಾಯು ಉಳಿಸಲಿಲ್ಲ. ಹೋಗುವ ಹಿಂದಿನ ವಾರವಷ್ಟೇ ಅವನು ಹೆಂಡತಿಯ ಹೆಸರನ್ನು ಪೂರ್ತಿಯಾಗಿ ಹೇಳಿದ್ದ. ಆ ಮುದುಕಿ ಅವತ್ತು ಲಿಡಿಯಾಳ ಕೈ ಹಿಡಿದು ಅತ್ತಿದ್ದಳು. ಅಷ್ಟು ಕಷ್ಟಪಟ್ಟು ಕರೆತಂದ ಮಾತೆಲ್ಲ ಈಗ ಅವನ ಜೊತೆಯೇ ಮಣ್ಣಾಯಿತು.

ಸ್ಮಶಾನದಲ್ಲಿ ಹಿಡಿಮಣ್ಣು ಹಾಕಿ ತಲೆ ಎತ್ತಿದಳು. ಜನರ ಹಿಂದೆ ತೋರ್ಲೈಫ್ ನಿಂತಿದ್ದ. ಸೊರಗಿದ್ದ.

ಕೈಗಂಟಿದ ಮಣ್ಣು ಒರೆಸಿಕೊಳ್ಳುವುದನ್ನೂ ಮರೆತಳು.

ದಿಯೋಲಿಂಡಾ ಮಗಳ ಭುಜ ಮುಟ್ಟಿದಳು. "ಮಾತಾಡಿ ಬಾ. ಅವನು ಇಷ್ಟು ದೂರ ಬಂದಿರೋದು ಸತ್ತವನಿಗೋಸ್ಕರ ಮಾತ್ರ ಅಲ್ಲ." ಹೋಗುತ್ತ ಅವನ ಮುಂದೆ ನಿಂತು ಹೇಳಿದಳು, "ಏನಪ್ಪ, ನಿಮ್ಮೂರಲ್ಲಿ ಯಾರೂ ಊಟ ಹಾಕಲ್ವಾ? ಆಮೇಲೆ ಅಂಗಡಿಗೆ ಬಾ."

ಜನ ಚದುರಿದರು. ಲಿಡಿಯಾ ಸಮುದ್ರದ ಕಡೆಯ ಕಲ್ಲುಬೆಂಚಿನ ಮೇಲೆ ಕೂತಳು. ಅವನು ಎದುರಿಗೆ ನಿಂತೇ ಇದ್ದ.

"ಅಕ್ಕನ ಮನೇಲಿ ನೀನು ಹೇಳಿದ್ದು ಕೇಳಿಸ್ಕೊಂಡೆ," ಎಂದಳು. "ಮಗು ಥರ ಅಂದೆ ನನ್ನ."

ಅವನು ಪದಗಳನ್ನು ಒಂದೊಂದಾಗಿ ಹುಡುಕಿ ಜೋಡಿಸಿದ.

"ಅಂದೆ. ಪೂರ್ತಿ ಹೇಳ್ಲಾ? ಲಿಡಿಯಾ ಅವಳೂರಲ್ಲಿ... ಬಾಯಿ ಕಟ್ಟಿದವರಿಗೆ ಮಾತು ಕೊಡ್ತಾಳೆ. ಇಲ್ಲಿ ನಾನು ಅವಳನ್ನ ಮಗು ಥರ ಮಾಡ್ಬಿಟ್ಟೆ. ಅವಳ ಮಾತು ನಾನೇ ಆಡ್ತೀನಿ. ಅವಳನ್ನ ಇಲ್ಲಿಗೆ ಕರ್ಕೊಂಡು ಬಂದ್ರೆ, ನಾನು ಪ್ರೀತಿ ಮಾಡಿದ ಲಿಡಿಯಾ ಇರಲ್ಲ. ಅಂತ ಅಂದೆ."

ಲಿಡಿಯಾಳ ಕಣ್ಣು ತುಂಬಿತು. 'ಇಷ್ಟು ದಿನ... ಒಂದೇ ಒಂದು ಪದ ಹಿಡ್ಕೊಂಡು...'

"ಅಲ್ಲೇ ಯಾಕೆ ಹೇಳಲಿಲ್ಲ ನನಗೆ?"

"ಹೇಳಿದ್ರೆ ನೀನು ಬರಲ್ಲ ಅಂತ ಹೆದರಿದೆ. ಈಗ ಹೇಳ್ತೀನಿ. ಬರಬೇಡ ಲಿಡಿಯಾ. ನಾನೇ ಬರ್ತೀನಿ. ಸಿಗ್ನೆ ದೊಡ್ಡವಳಾದ ಮೇಲೆ."

"ಅಲ್ಲೀವರೆಗೂ?"

ಅವನು ತಲೆ ತಗ್ಗಿಸಿದ. ಗಾಳಿಗೆ ಅವನ ಕಣ್ಣೂ ಒದ್ದೆಯಾಗಿತ್ತು, ಅಥವಾ ಗಾಳಿಗಲ್ಲವೋ.

"ನೀನಿಲ್ದೆ ಹೋದ್ರೆ ಆ ಊರಲ್ಲಿ ಇರ್ತೀಯಾ ಅಂತ ಅಮ್ಮ ಕೇಳಿದ್ಲು," ಎಂದಳು ಲಿಡಿಯಾ. "ಇಲ್ಲ. ಒಂದು ದಿನಾನೂ ಇರಲ್ಲ. ಇದು ನಿನಗೆ ಗೊತ್ತಿರ್ಲಿ."

"ಗೊತ್ತು."

"ಆದ್ರೆ ನೀನು ಇದೀಯಲ್ಲ."

ಅವನು ತಲೆ ಎತ್ತಿದ.

"ನಿಮ್ಮ ಭಾಷೆ ಇಲ್ಲೇ ಕಲಿತು ಬರ್ತೀನಿ. ಅಲ್ಲಿ ನಿನ್ನ ಬೆನ್ನ ಹಿಂದೆ ನಿಂತ್ಕೊಂಡಲ್ಲ. ಕೆಲಸಾನೂ ನಾನೇ ಹುಡುಕ್ಕೊಳ್ತೀನಿ. ತುಂಬ ದಿನ ಹಿಡಿಯುತ್ತೆ. ನನ್ನ ಈ ಕೆಲಸ ಅಲ್ಲಿ ಸಿಗದೇನೂ ಹೋಗಬಹುದು. ಕಾಯ್ತೀಯಾ?"

"ಕಾಯ್ತೀನಿ. ನಿನ್ನ ಪ್ರೀತಿಸ್ತೀನಿ ಲಿಡಿಯಾ."

"ನಾನೂನು. ಅದಕ್ಕೇ ಇಷ್ಟು ಭಯ." ಅವಳು ಕೆನ್ನೆ ಒರೆಸಿಕೊಂಡಳು. "ಬಂದ ಮೇಲೂ ಒಂದೊಂದು ದಿನ ಅಳ್ತೀನಿ. ಆಗ ಯಾಕೆ ಅಂತ ಕೇಳಬೇಡ."

"ಮತ್ತೇನು ಮಾಡ್ಲಿ?"

"ಪಕ್ಕದಲ್ಲಿ ಕೂತ್ಕೋ."

"ಈಗಲೂ?"

"ಈಗಲೂ."

ತೋರ್ಲೈಫ್ ಬಂದು ಅವಳ ಪಕ್ಕ ಕೂತ. ಅವಳು ಅತ್ತಳು. ಅವನು ಏನೂ ಕೇಳಲಿಲ್ಲ.